ಪಿನ್ ಸಿಕ್ಕಿಕೊಂಡಾಗ ಬ್ಲೇಡ್ ಎಲ್ಲಿರುತ್ತದೆ?

ಪೇಟೆಂಟ್ ಅರ್ಜಿಯನ್ನು ಪರಿಶೀಲಿಸಿ ಅಮೆರಿಕದ ಪೇಟೆಂಟ್ ಕಚೇರಿ ಕಳಿಸುವ ತಕರಾರಿನ ಪತ್ರಗಳಿಗೆ, ಅಂದರೆ ಆಫೀಸ್ ಆ್ಯಕ್ಷನ್‌ಗಳಿಗೆ ಉತ್ತರದ ಕರಡು ಸಿದ್ಧಪಡಿಸುವುದು ನನ್ನ ಕೆಲಸ. ಸಹಿ ಹಾಕಿ ಸಲ್ಲಿಸುವವರು ಅಲ್ಲಿನ ವಕೀಲರು. ನನ್ನ ಮೇಜಿಗೆ ಬರುವುದು ಹೆಚ್ಚಾಗಿ ಕೈ ಉಪಕರಣಗಳ ಅರ್ಜಿಗಳು: ಡ್ರಿಲ್ಲು, ಗರಗಸ, ಮೊಳೆ ಹೊಡೆಯುವ ಗನ್ನು. ಇಲ್ಲಿ ಹೇಳಹೊರಟಿರುವುದು ಬ್ಯಾಟರಿಯಲ್ಲಿ ನಡೆಯುವ ಒಂದು ಸ್ಟೇಪ್ಲರಿನ ಕಥೆ. ಕಾಗದಕ್ಕೆ ಒತ್ತುವ ಸ್ಟೇಪ್ಲರ್ ಅಲ್ಲ, ಸೋಫಾಕ್ಕೆ ಬಟ್ಟೆ ಕೂರಿಸುವವರು ಹಿಡಿಯುವಂಥದ್ದು. ಪಿನ್ ತುಂಬುವ ಮ್ಯಾಗಜೀನ್ ಪೂರ್ತಿ ಕಳಚಿ ಕೈಗೆ ಬರುತ್ತದೆ. ಗ್ರಾಹಕರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೊದಲು ಯಂತ್ರ, ಆಮೇಲೆ ಕಾನೂನು. ಟ್ರಿಗರ್ ಒತ್ತಿದರೆ ಮೋಟರು ಕ್ಯಾಮ್ ಎಂಬ ಏರುತಗ್ಗಿನ ಅಂಚಿನ ಬಿಲ್ಲೆಯನ್ನು ತಿರುಗಿಸಿ ಡ್ರೈವರ್ ಬ್ಲೇಡನ್ನು ಮೇಲಕ್ಕೆ ಎತ್ತುತ್ತದೆ. ಮೇಲೇರುತ್ತಾ ಬ್ಲೇಡ್ ಒಂದು ದಪ್ಪ ಸ್ಪ್ರಿಂಗನ್ನು ಅದುಮುತ್ತದೆ. ಕ್ಯಾಮಿನ ತುದಿ ದಾಟಿದ ಕೂಡಲೇ ಸ್ಪ್ರಿಂಗ್ ಅದನ್ನು ಕೆಳಕ್ಕೆ ಬಡಿಯುತ್ತದೆ. ಪಿನ್ನುಗಳು ಒಂದಕ್ಕೊಂದು ಅಂಟಿದ ಪಟ್ಟಿಯಾಗಿ ಮ್ಯಾಗಜೀನಿನಲ್ಲಿ ಕೂತಿರುತ್ತವೆ, ಹಿಂದಿನಿಂದ ಪುಷರ್ ತಳ್ಳುತ್ತಿರುತ್ತದೆ. ಎಲ್ಲಕ್ಕಿಂತ ಮುಂದಿರುವ ಪಿನ್ನನ್ನು ಬ್ಲೇಡ್ ಪಟ್ಟಿಯಿಂದ ಮುರಿದು ಮೂತಿಯ ಸಂದಿನಿಂದ ಹೊರಗೆ ಹೊಡೆಯುತ್ತದೆ. ಮರದಲ್ಲಿ ಗಂಟು ಸಿಕ್ಕರೆ ಪಿನ್ ಬಾಗಿ, ಬ್ಲೇಡಿಗೂ ಮೂತಿಯ ತಗಡಿಗೂ ನಡುವೆ ಕಚ್ಚಿಕೊಳ್ಳುತ್ತದೆ. ಬ್ಲೇಡ್ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಸ್ಪ್ರಿಂಗಿನಲ್ಲಿ ಇನ್ನೂ ಬಲ ಉಳಿದಿರುತ್ತದೆ, ಬ್ಯಾಟರಿ ಕಿತ್ತರೂ ಅದು ಹೋಗುವುದಿಲ್ಲ. ಪಿನ್ ಬಿಡಿಸಲೆಂದು ಈಗ ಮ್ಯಾಗಜೀನ್ ಎಳೆದಿರೋ, ಕಚ್ಚಿದ್ದು ಸಡಿಲವಾಗಿ ಬ್ಲೇಡ್ ಉಳಿದ ದಾರಿಯನ್ನು ಒಂದೇ ಏಟಿಗೆ ಮುಗಿಸುತ್ತದೆ. ಆ ಹೊತ್ತಿಗೆ ಬೆರಳು ಮೂತಿಯ ಹತ್ತಿರವೇ ಇರುತ್ತದೆ.

ನಮ್ಮ ಗ್ರಾಹಕರ ಎಂಜಿನಿಯರುಗಳು ಇದಕ್ಕೆ ಕಂಡುಕೊಂಡಿದ್ದ ದಾರಿ ಚೆನ್ನಾಗಿತ್ತು. ಮ್ಯಾಗಜೀನ್ ಬಿಡಿಸುವ ಲೀವರ್ ಒಂದೇ, ಕೆಲಸ ಎರಡು. ಲೀವರನ್ನು ಸ್ವಲ್ಪ ಎಳೆದಾಗ ಒಂದು ಕೊಕ್ಕೆ ಬಂದು ಬ್ಲೇಡನ್ನು ಹಿಡಿದುಕೊಳ್ಳುತ್ತದೆ. ಇನ್ನೂ ಎಳೆದಾಗ ಮಾತ್ರ ಮ್ಯಾಗಜೀನಿನ ಹಿಡಿ ಬಿಡುತ್ತದೆ. ಈ ಕ್ರಮ ತಪ್ಪುವುದಕ್ಕೆ ಅವಕಾಶವೇ ಇಲ್ಲ.

ಯಾವುದರ ಮೇಲೆ ಹಕ್ಕು ಬೇಕೆಂದು ಅರ್ಜಿಯಲ್ಲಿ ಹೇಳುವ ವಾಕ್ಯವೇ ಕ್ಲೇಮು. ಮೊದಲ ಕ್ಲೇಮಿನಲ್ಲಿ ಇದ್ಯಾವುದೂ ಇರಲಿಲ್ಲ. ಅಲ್ಲಿದ್ದದ್ದು ಇಷ್ಟು: ಒಂದು ಕವಚ, ಒಂದು ಬ್ಲೇಡ್, ಕಳಚಬಹುದಾದ ಮ್ಯಾಗಜೀನ್, ಮತ್ತು ಮ್ಯಾಗಜೀನ್ ತೆಗೆಯುವಾಗ ಬ್ಲೇಡಿನ ಚಲನೆಯನ್ನು ತಡೆಯುವಂತೆ ರೂಪಿಸಿದ ಒಂದು ‘ಸುರಕ್ಷಾ ವ್ಯವಸ್ಥೆ’. ಹೀಗೆ ಅಗಲವಾಗಿ ಬಲೆ ಬೀಸಿ ಏನು ಸಿಗುತ್ತದೋ ನೋಡುವುದು ಈ ವೃತ್ತಿಯ ರೂಢಿ. ನನಗೆ ಅದು ಅಷ್ಟು ಹಿಡಿಸುವುದಿಲ್ಲ, ಆದರೆ ಕರಡು ಬರೆದವನು ನಾನಲ್ಲ.

ಆಫೀಸ್ ಆ್ಯಕ್ಷನ್ ಬಂತು, ನಿರೀಕ್ಷಿಸಿದ ಹಾಗೇ. ‘ವ್ಯವಸ್ಥೆ’ ಎಂಬ ಟೊಳ್ಳು ಪದ ಬಳಸಿದ್ದರಿಂದ ಅಮೆರಿಕದ ಪೇಟೆಂಟ್ ಕಾನೂನಿನ 112(ಎಫ್) ಅಡಿಯಲ್ಲಿ ಅದನ್ನು ಅರ್ಜಿಯ ವಿವರಣೆಯ ಭಾಗವಾದ ಸ್ಪೆಸಿಫಿಕೇಶನ್‌ನಲ್ಲಿ ತೋರಿಸಿದ ರಚನೆಗೆ ಮತ್ತು ಅದರ ಸಮಾನ ರಚನೆಗಳಿಗೆ ಕಟ್ಟಿಹಾಕಿ ಓದುತ್ತೇನೆ ಎಂದು ಅರ್ಜಿ ಪರಿಶೀಲಿಸುವ ಎಕ್ಸಾಮಿನರ್ ಬರೆದಿದ್ದರು. 102ನೇ ಸೆಕ್ಷನ್‌ನಲ್ಲಿ ಒಂದು ಹಳೆಯ ಸ್ಟೇಪ್ಲರ್ ಪೇಟೆಂಟ್: ನಿಮ್ಮದೆಲ್ಲ ಇದರಲ್ಲೇ ಇದೆ. 103ರಲ್ಲಿ ಅದೇ ಪೇಟೆಂಟಿನ ಜೊತೆಗೆ ಇನ್ನೊಂದು: ಇಲ್ಲದಿದ್ದರೂ ಇವೆರಡನ್ನು ಸೇರಿಸಿದರೆ ನಿಮ್ಮದು ಸಹಜವಾಗಿ ಹೊಳೆಯುವಂಥದ್ದು. ಆ ಇನ್ನೊಂದು ಶಸ್ತ್ರಚಿಕಿತ್ಸೆಯಲ್ಲಿ ಕರುಳು ಕತ್ತರಿಸಿ ಹೊಲಿಯುವ ಸ್ಟೇಪ್ಲರ್.

ಅದನ್ನು ನೋಡಿ ಗ್ರಾಹಕರ ಕಡೆಯವರಿಗೆ ನಗು, ಜೊತೆಗೆ ಸಿಟ್ಟು. ಆಪರೇಷನ್ ಥಿಯೇಟರಿನ ಉಪಕರಣಕ್ಕೂ ಸೋಫಾಕ್ಕೂ ಎತ್ತಣಿಂದೆತ್ತ ಸಂಬಂಧ, ಹಾಗೆಂದೇ ಬರೆದು ಕಳಿಸಿ ಅಂದರು. ನನಗೆ ಆಶ್ಚರ್ಯವಾಗಲಿಲ್ಲ. ಅಮೆರಿಕದ ಹಳೆಯ ವರ್ಗೀಕರಣದಲ್ಲಿ 227ನೇ ವರ್ಗವೆಂದರೆ ಉದ್ದನೆಯ ವಸ್ತುಗಳನ್ನು ಹೊಡೆದು ಕೂರಿಸುವ ಸಾಧನಗಳು. ಮೊಳೆಯ ಗನ್ನು, ಬಟ್ಟೆಯ ಸ್ಟೇಪ್ಲರ್, ಸರ್ಜಿಕಲ್ ಸ್ಟೇಪ್ಲರ್ ಎಲ್ಲಕ್ಕೂ ಅಲ್ಲಿ ಜಾಗವಿತ್ತು. 2013ರಲ್ಲಿ ಸಿಪಿಸಿ ಎಂಬ ಹೊಸ ವರ್ಗೀಕರಣ ಜಾರಿಗೆ ಬಂದ ಮೇಲೆ ಕೈಯಲ್ಲಿ ಹಿಡಿಯುವ ಸ್ಟೇಪ್ಲರುಗಳು ಬಿ25ಸಿ 5ಕ್ಕೆ, ಸರ್ಜಿಕಲ್ ಸ್ಟೇಪ್ಲರುಗಳು ಎ61ಬಿ 17ಕ್ಕೆ ಬೇರೆಯಾದವು. ಆದರೆ ಈ ಕಲೆಯನ್ನು ಬಲ್ಲ ಎಕ್ಸಾಮಿನರ್ ಎರಡೂ ಕಡೆ ಕೈ ಹಾಕುತ್ತಾರೆ. ಕ್ಷೇತ್ರ ಬೇರೆ ಎಂಬ ವಾದ ಅಲ್ಲಿ ಬಹಳ ದೂರ ಹೋಗುವುದೂ ಇಲ್ಲ. 2004ರ ಬಿಜಿಯೊ ತೀರ್ಪಿನಲ್ಲಿ ತಲೆ ಬಾಚುವ ಬ್ರಷ್ಷಿನ ಕ್ಲೇಮಿಗೆ ಹಲ್ಲುಜ್ಜುವ ಬ್ರಷ್ಷು ಅಡ್ಡ ಬಂತು, ಪೇಟೆಂಟ್ ಮೇಲ್ಮನವಿ ಕೇಳುವ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ ಅದನ್ನು ಒಪ್ಪಿತು. ಹಾಗಾಗಿ ಆ ಜಗಳಕ್ಕೆ ಇಳಿಯುವುದು ಬೇಡ ಅಂದೆ.

ನನ್ನ ಓದುವ ಕ್ರಮ ಹೀಗೆ. ಎಕ್ಸಾಮಿನರ್ ಬರೆದ ವಾದವನ್ನು ಪಕ್ಕಕ್ಕಿಟ್ಟು, ಅವರು ತೋರಿಸಿದ ಪೇಟೆಂಟಿನ ಚಿತ್ರಗಳನ್ನು ಅಚ್ಚು ಹಾಕಿಕೊಂಡು, ಚಲಿಸುವ ಭಾಗಗಳಿಗೆ ಒಂದು ಬಣ್ಣ, ಚಲಿಸದವಕ್ಕೆ ಇನ್ನೊಂದು ಬಣ್ಣ ಬಳಿಯುತ್ತೇನೆ. ಮೊದಲ ಪೇಟೆಂಟಿನಲ್ಲಿ ಮ್ಯಾಗಜೀನಿನ ಬೆನ್ನಿಗೆ ತಾಗಿದಂತೆ ಒಂದು ಸಣ್ಣ ಸನ್ನೆ ಇತ್ತು. ಮ್ಯಾಗಜೀನ್ ಜಾರಿದರೆ ಸನ್ನೆ ತಿರುಗುತ್ತದೆ, ಅದರ ಇನ್ನೊಂದು ತುದಿ ಹೋಗಿ ಟ್ರಿಗರಿನ ಹಿಂದೆ ನಿಲ್ಲುತ್ತದೆ. ಬಣ್ಣ ಹಚ್ಚಿ ನೋಡಿದರೆ ಸನ್ನೆಯಿಂದ ಬ್ಲೇಡಿನವರೆಗೆ ಯಾವ ದಾರಿಯೂ ಇಲ್ಲ. ಅದು ತಡೆಯುವುದು ಟ್ರಿಗರನ್ನು. ಹಾಗಾದರೆ ಎಕ್ಸಾಮಿನರ್ ಹೇಳಿದ್ದು ತಪ್ಪೇ? ಅಲ್ಲ. ಟ್ರಿಗರ್ ಒತ್ತಲಾಗದಿದ್ದರೆ ಬ್ಲೇಡೂ ಹೊಡೆಯುವುದಿಲ್ಲ. ‘ಬ್ಲೇಡಿನ ಚಲನೆಯನ್ನು ತಡೆಯುವ’ ಎಂಬ ಮಾತನ್ನು ಅಗಲವಾಗಿ ಓದಿದರೆ ಅದೂ ಒಳಗೆ ಬರುತ್ತದೆ, ಅಗಲವಾಗಿ ಓದುವುದು ಎಕ್ಸಾಮಿನರ ಹಕ್ಕು. ಮೊದಲ ಕ್ಲೇಮು ಇದ್ದ ರೂಪದಲ್ಲಿ ಉಳಿಯುವುದಿಲ್ಲ ಎಂದು ನನಗೆ ಅಲ್ಲೇ ಖಾತ್ರಿಯಾಯಿತು.

ಕಷ್ಟವಿದ್ದದ್ದು ಸರ್ಜಿಕಲ್ ಸ್ಟೇಪ್ಲರಿನಲ್ಲಿ. ಆ ಉಪಕರಣದ ದವಡೆಯಲ್ಲಿ ಪಿನ್ನಿನ ಕಾರ್ಟ್ರಿಜ್ ಕೂರುತ್ತದೆ. ಪಿನ್ನಿನ ಸಾಲುಗಳ ನಡುವೆ ಒಂದು ಚಾಕು ಓಡಿ ಅಂಗಾಂಶ ಕತ್ತರಿಸುತ್ತದೆ. ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಕಾರ್ಟ್ರಿಜ್ ಹಲವು ಸಲ ಬದಲಾಗುವುದರಿಂದ ತಪ್ಪು ಆಗದ ಹಾಗೆ ತಡೆಗಳನ್ನು ಇಡುತ್ತಾರೆ. ಕಾರ್ಟ್ರಿಜ್ ಇಲ್ಲದಿದ್ದರೆ ಅಥವಾ ಖಾಲಿಯಾಗಿದ್ದರೆ ಚಾಕು ಮುಂದೆ ಹೋಗುವುದಿಲ್ಲ. ಇಷ್ಟೇ ಆಗಿದ್ದರೆ ಉತ್ತರ ಸುಲಭವಿತ್ತು. ಆದರೆ ತೋರಿಸಿದ ಪೇಟೆಂಟಿನಲ್ಲಿ ಇನ್ನೂ ಒಂದು ಅಂಶವಿತ್ತು. ಚಾಕುವಿನ ದಿಂಡೇ ಮೇಲಿನ ಕೆಳಗಿನ ದವಡೆಗಳನ್ನು ಹಿಡಿದಿಟ್ಟಿರುವುದರಿಂದ, ಚಾಕು ಪೂರ್ತಿ ಹಿಂದೆ ಬರುವ ತನಕ ದವಡೆ ತೆರೆಯುವುದಿಲ್ಲ, ಕಾರ್ಟ್ರಿಜ್ ಹೊರಗೆ ಬರುವುದಿಲ್ಲ. ಮೊದಲು ಬ್ಲೇಡಿನ ವ್ಯವಸ್ಥೆ, ಆಮೇಲೆ ಮ್ಯಾಗಜೀನಿನ ಬಿಡುಗಡೆ. ನಾವು ನಮ್ಮದೆಂದು ಬೀಗುತ್ತಿದ್ದ ಕ್ರಮ ಅದು.

ನಗುವಂಥ ದಾಖಲೆಯಾಗಿರಲಿಲ್ಲ. ‘ಮೊದಲು ಇದು, ಆಮೇಲೆ ಅದು’ ಎಂದಷ್ಟೇ ಕ್ಲೇಮು ತಿದ್ದಿದ್ದರೆ ಮುಂದಿನ ಸುತ್ತಿನಲ್ಲಿ ಅದೇ ಪೇಟೆಂಟ್ ನಮ್ಮನ್ನು ಮಲಗಿಸುತ್ತಿತ್ತು, ಅದೂ ಫೈನಲ್ ರಿಜೆಕ್ಷನ್ ರೂಪದಲ್ಲಿ. 2007ರ ಕೆಎಸ್ಆರ್ ತೀರ್ಪಿನ ನಂತರ ಎರಡು ದಾಖಲೆಗಳನ್ನು ಜೋಡಿಸಲು ಎಕ್ಸಾಮಿನರ್‌ಗೆ ಆ ದಾಖಲೆಗಳಲ್ಲೇ ಬರೆದಿಟ್ಟ ಸೂಚನೆ ಬೇಕಿಲ್ಲ. ತರ್ಕ ಬಿಡಿಸಿ ಹೇಳಿದರೆ ಸಾಕು.

ಗ್ರಾಹಕರು ಕಳಿಸಿದ್ದ ಒಂದು ಮಾದರಿ ನನ್ನ ಹತ್ತಿರ ಇತ್ತು. ಕವಚದ ಒಂದು ಪಕ್ಕ ಕತ್ತರಿಸಿ ಒಳಗಿನದು ಕಾಣುವಂತೆ ಮಾಡಿದ್ದರು. ಬಾಗಿದ ಪಿನ್ನೊಂದನ್ನು ಬೇಕೆಂದೇ ಮೂತಿಯಲ್ಲಿ ಸಿಕ್ಕಿಸಿ ಹೊಡೆದೆ. ಬ್ಲೇಡ್ ನಡುವೆ ನಿಂತಿತು. ಇನ್ನೊಮ್ಮೆ ಬೇರೆ ಥರ ಬಾಗಿಸಿ ಸಿಕ್ಕಿಸಿದರೆ ಬೇರೆ ಎತ್ತರದಲ್ಲಿ ನಿಂತಿತು. ಎರಡು ಸಲವೂ ಲೀವರ್ ಎಳೆದಾಗ ಕೊಕ್ಕೆ ಬಂದು ಬ್ಲೇಡಿನ ಅಂಚಿನಲ್ಲಿದ್ದ ಹಲ್ಲುಗಳ ಪೈಕಿ ಎದುರಿಗೆ ಸಿಕ್ಕಿದ್ದಕ್ಕೆ ಕೂತಿತು. ಬ್ಲೇಡಿನ ಅಂಚಿನುದ್ದಕ್ಕೂ ಗರಗಸದ ಹಾಗೆ ಹಲ್ಲಿನ ಸಾಲಿದೆ ಎನ್ನುವುದು ಕ್ಲೇಮುಗಳಲ್ಲಿ ಎಲ್ಲೂ ಇರಲಿಲ್ಲ!

ವ್ಯತ್ಯಾಸ ಇಲ್ಲಿದೆ. ಸರ್ಜಿಕಲ್ ಸ್ಟೇಪ್ಲರಿನಲ್ಲಿ ಚಾಕು ಮನೆಗೆ ವಾಪಸು ಬರಲೇಬೇಕು, ಬಂದ ಮೇಲೆಯೇ ಬಿಡುಗಡೆ. ನಮ್ಮ ಯಂತ್ರದಲ್ಲಿ ಪಿನ್ ಕಚ್ಚಿಕೊಂಡಿರುವಾಗ ಬ್ಲೇಡ್ ವಾಪಸು ಬರಲಾರದು. ಬರಲಾಗದ ಬ್ಲೇಡನ್ನು ನಿಂತಲ್ಲೇ ಹಿಡಿದು, ಹಿಡಿದಿರುವಾಗಲೇ ಮ್ಯಾಗಜೀನ್ ಬಿಡಿಸುವುದು ನಮ್ಮವರ ಉಪಾಯ. ಸರ್ಜಿಕಲ್ ಸ್ಟೇಪ್ಲರಿನ ವಿಧಾನವನ್ನು ತಂದು ಹಳೆಯ ಸ್ಟೇಪ್ಲರಿಗೆ ಕೂರಿಸಿದರೆ, ಪಿನ್ ಸಿಕ್ಕಿದಾಗ ಮ್ಯಾಗಜೀನ್ ತೆಗೆಯಲಾಗದ ಯಂತ್ರ ಸಿಗುತ್ತದೆ, ಬೇಕಾದದ್ದರ ತದ್ವಿರುದ್ಧ. ಗ್ರಾಹಕರು ಕಸದ ಬುಟ್ಟಿಗೆ ಹಾಕಿ ಅಂದಿದ್ದ ದಾಖಲೆಯೇ ನಮ್ಮ ಆವಿಷ್ಕಾರ ಯಾವುದೆಂದು ತೋರಿಸಿಕೊಟ್ಟಿತು.

ಹಲ್ಲಿನ ಸಾಲನ್ನು ಕ್ಲೇಮಿಗೆ ತರಬೇಕಾದರೆ ಮೂಲ ಅರ್ಜಿಯಲ್ಲಿ ಆಧಾರ ಬೇಕು. ವಿವರಣೆಯಲ್ಲಿ ಸಿಕ್ಕಿದ್ದು ಒಂದೇ ಒಂದು ವಾಕ್ಯ: ಬ್ಲೇಡಿನಲ್ಲಿ ಕಚ್ಚು ಒಂದಾಗಿರಬಹುದು ಅಥವಾ ಹಲವಾಗಿರಬಹುದು. ಆದರೆ ಒಂದು ಚಿತ್ರದಲ್ಲಿ ಹಲ್ಲುಗಳು ಸ್ಪಷ್ಟವಾಗಿ, ಬ್ಲೇಡಿನ ಓಟದ ಉದ್ದಕ್ಕೂ, ಎಲ್ಲವೂ ಒಂದೇ ದಿಕ್ಕಿಗೆ ಓರೆಯಾಗಿ ಇದ್ದವು. ಚಿತ್ರವೂ ಲಿಖಿತ ವಿವರಣೆಯ ಕೆಲಸ ಮಾಡಬಲ್ಲದು ಎಂದು 1991ರ ವಾಸ್-ಕ್ಯಾಥ್ ತೀರ್ಪು ಹೇಳಿದೆ. ವಾಕ್ಯ ಮತ್ತು ಚಿತ್ರ ಎರಡನ್ನೂ ಆಧಾರವಾಗಿ ತೋರಿಸಿದೆವು. ಚಿತ್ರ ಬರೆದ ಆ ಡ್ರಾಫ್ಟ್ಸ್‌ಮನ್ ಯಾರೋ, ಅವರಿಗೊಂದು ನಮಸ್ಕಾರ.

ಹೊಸ ಕ್ಲೇಮಿನ ತಿರುಳು ಹೀಗಾಯಿತು: ಬ್ಲೇಡಿನ ಓಟದ ದಿಕ್ಕಿನಲ್ಲಿ ಸಾಲಾಗಿರುವ ಹಲ್ಲುಗಳು, ಲೀವರಿಗೆ ಜೋಡಿಸಿದ ಕೊಕ್ಕೆ, ಲೀವರಿನ ಮೊದಲ ಹಂತದ ಎಳೆತದಲ್ಲಿ, ಬ್ಲೇಡ್ ತನ್ನ ಓಟದ ಎರಡು ತುದಿಗಳ ನಡುವೆ ನಿಂತಿರುವಾಗ, ಕೊಕ್ಕೆ ಒಂದು ಹಲ್ಲಿಗೆ ಕೂರುತ್ತದೆ, ಎರಡನೆಯ ಹಂತದಲ್ಲಿ, ಕೊಕ್ಕೆ ಕೂತಿರುವಾಗಲೇ, ಮ್ಯಾಗಜೀನಿನ ಹಿಡಿ ಬಿಡುತ್ತದೆ. ‘ಸುರಕ್ಷಾ ವ್ಯವಸ್ಥೆ’ ಹೋಯಿತು, ಅದರ ಜೊತೆಗೆ 112(ಎಫ್) ತಕರಾರೂ. ಬರೀ ಕೆಲಸ ಹೇಳಿ ರಚನೆ ಹೇಳದಿರುವುದು ಅಪಾಯ. 1997ರ ಶ್ರೈಬರ್ ತೀರ್ಪಿನಲ್ಲಿ ಪಾಪ್‌ಕಾರ್ನ್ ಸುರಿಯುವ ಕೊಳವೆಯ ಕ್ಲೇಮನ್ನು ಎಣ್ಣೆ ಡಬ್ಬಿಯ ಮೂತಿ ಕೆಡವಿತು. ಆ ಆಕಾರವಿದ್ದರೆ ಆ ಕೆಲಸವೂ ಆಗುತ್ತದೆ ಎಂಬುದೇ ಕಾರಣ.

ಉಪ ಕ್ಲೇಮೊಂದರಲ್ಲಿ ಮ್ಯಾಗಜೀನ್ ಕಳಚಿ ಬರುವುದನ್ನೇ ದೊಡ್ಡದಾಗಿ ಹೇಳಿದ್ದರು. ಅದಕ್ಕೆ ಎಕ್ಸಾಮಿನರ್ 1961ರ ಡಲ್‌ಬರ್ಗ್ ತೀರ್ಪನ್ನು ಒಂದೇ ಸಾಲಿನಲ್ಲಿ ತೋರಿಸಿದ್ದರು: ಒಳಗೆ ಕೈ ಹೋಗಬೇಕೆಂದಾದರೆ ಮುಚ್ಚಳವನ್ನು ಕಳಚುವ ಹಾಗೆ ಮಾಡುವುದು ಯಾರಿಗಾದರೂ ಹೊಳೆಯುತ್ತದೆ. ಅದು ಲಿಪ್‌ಸ್ಟಿಕ್ ಹೋಲ್ಡರಿನ ಪ್ರಕರಣ. ಆ ಕ್ಲೇಮನ್ನು ಸುಮ್ಮನೆ ತೆಗೆದುಹಾಕಿದೆವು.

ಉತ್ತರ ಕೊಡಲು ಮೂರು ತಿಂಗಳು, ಶುಲ್ಕ ಕಟ್ಟಿದರೆ ಆರು ತಿಂಗಳವರೆಗೆ ಎಳೆಯಬಹುದು. ಸಲ್ಲಿಸುವ ಮೊದಲು ಎಕ್ಸಾಮಿನರ್ ಜೊತೆ ನೇರವಾಗಿ ಮಾತಾಡುವ ಇಂಟರ್‌ವ್ಯೂ ಕೇಳಿ ಎಂದು ವಕೀಲರಿಗೆ ಹೇಳಿದೆ. ಇಂಥ ಯಂತ್ರಗಳಲ್ಲಿ ಹತ್ತು ಪುಟದ ವಾದಕ್ಕಿಂತ ಒಂದು ಚಿತ್ರ ಮುಂದಿಟ್ಟುಕೊಂಡು ಮಾತಾಡುವುದು ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವಿಡಿಯೊ ಕರೆಯಲ್ಲಿ ವಕೀಲರು ಮಾತಾಡಿದರು, ನಾನು ಕೇಳಿಸಿಕೊಳ್ಳುತ್ತಿದ್ದೆ. ಎಕ್ಸಾಮಿನರ್ ಬಹಳ ಹೊತ್ತು ಮೌನವಾಗಿ ಚಿತ್ರ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ಬ್ಲೇಡ್ ಅತ್ಯಂತ ಕೆಳಗಿದ್ದಾಗಲೂ ಕೊಕ್ಕೆ ಕೂರುತ್ತದಲ್ಲ, ಹಾಗಿದ್ದರೆ ತುದಿಗಳ ‘ನಡುವೆ’ ಎಂದು ಯಾಕೆ ಹೇಳುತ್ತೀರಿ? ತುದಿಗೆ ತಲುಪಿದ ಬ್ಲೇಡಿನಿಂದ ಅಪಾಯವಿಲ್ಲ, ಅಪಾಯವಿರುವುದು ದಾರಿಯಲ್ಲಿ ನಿಂತದ್ದರಿಂದ ಎಂದು ವಕೀಲರು ಹೇಳಿದರು. ಹೊಸದಾಗಿ ಹುಡುಕಿ ನೋಡುತ್ತೇನೆ ಎಂದಷ್ಟೇ ಹೇಳಿ ಎಕ್ಸಾಮಿನರ್ ಕರೆ ಮುಗಿಸಿದರು.

ಲಿಖಿತ ಉತ್ತರವನ್ನು ಬೇಕೆಂದೇ ಚಿಕ್ಕದಾಗಿ ಇಟ್ಟೆವು. 2002ರ ಫೆಸ್ಟೊ ತೀರ್ಪಿನ ನಂತರ ಕ್ಲೇಮು ಕಿರಿದು ಮಾಡಿದ್ದಕ್ಕೇ ಒಂದು ಬೆಲೆ ಇದೆ, ಬೇರೆಯವರ ಯಂತ್ರ ಕ್ಲೇಮಿಗೆ ಅಕ್ಷರಶಃ ಹೊಂದದಿದ್ದರೂ ಅದಕ್ಕೆ ಸಮಾನವೇ ಎಂಬ ವಾದವನ್ನು ಮುಂದೆ ಹೂಡಲು ಕಷ್ಟ. ಅದರ ಮೇಲೆ ಬೇಡದ ಮಾತೂ ಕಡತಕ್ಕೆ ಸೇರಿದರೆ ನಾಳೆ ಎದುರಾಳಿಯ ವಕೀಲರು ಅದನ್ನೇ ಎತ್ತಿ ಓದುತ್ತಾರೆ. ಸರ್ಜಿಕಲ್ ಸ್ಟೇಪ್ಲರಿನಲ್ಲಿ ಚಾಕು ವಾಪಸು ಬಂದ ಮೇಲೆಯೇ ಬಿಡುಗಡೆ, ನಮ್ಮದರಲ್ಲಿ ನಿಂತಲ್ಲೇ ಹಿಡಿತ ಎಂಬುದನ್ನು ಬಿಟ್ಟು ಬೇರೇನೂ ಬರೆಯಲಿಲ್ಲ.

ಮುಂದೆ ಬಂದದ್ದು ನೋಟಿಸ್ ಆಫ್ ಅಲೋಯನ್ಸ್, ಪೇಟೆಂಟ್ ಕೊಡಲು ಒಪ್ಪಿದ ಪತ್ರ. ಅದರಲ್ಲಿ ಎಕ್ಸಾಮಿನರ್ ಕೊಟ್ಟ ಕಾರಣದಲ್ಲಿ ‘ಹಲ್ಲುಗಳು ಬ್ಲೇಡಿನ ಎರಡೂ ಅಂಚಿನಲ್ಲಿವೆ’ ಎಂದಿತ್ತು. ಕ್ಲೇಮಿನಲ್ಲಿ ಅಂಚಿನ ಲೆಕ್ಕವೇ ಇಲ್ಲ, ಚಿತ್ರದಿಂದ ಅವರು ಎತ್ತಿಕೊಂಡದ್ದು. ಇಶ್ಯೂ ಫೀ ಕಟ್ಟುವುದರೊಳಗೆ ಇದಕ್ಕೆ ಪ್ರತಿಕ್ರಿಯೆ ದಾಖಲಿಸುವ ಅವಕಾಶವಿದೆ. ಕ್ಲೇಮಿನಲ್ಲಿ ಇಲ್ಲದ ಮಿತಿಯನ್ನು ನಾವು ಒಪ್ಪಿಲ್ಲ ಎಂದು ಎರಡು ಸಾಲು ಬರೆದು ಸೇರಿಸಿದೆವು. ಪೇಟೆಂಟ್ ಹೊರಬೀಳುವ ಮೊದಲು ಅದೇ ವಿವರಣೆಯ ಮೇಲೆ ಬೇರೆ ಕ್ಲೇಮು ಕೇಳುವ ಒಂದು ಕಂಟಿನ್ಯುಯೇಶನ್ ಅರ್ಜಿಯನ್ನೂ ಹಾಕಿಸಿದೆ. ಹಲ್ಲಿನ ಬದಲು ಬ್ಲೇಡನ್ನು ಪಕ್ಕದಿಂದ ಒತ್ತಿ ಹಿಡಿಯುವ ಇನ್ನೊಂದು ರಚನೆ ಸ್ಪೆಸಿಫಿಕೇಶನ್‌ನ ಕೊನೆಯಲ್ಲಿದೆ, ಅದಕ್ಕಾಗಿ. ಅದರ ಮೊದಲ ಆ್ಯಕ್ಷನ್ ಇನ್ನೂ ಬಂದಿಲ್ಲ.