ಡಾ. ಎ. ಸುಬ್ಬರಾಯರ ಶಾಸಕ ಜೀವನ: ನಡವಳಿ ಹಿಡಿದು ಬರೆದ ನನ್ನ ಅನುಭವ

ಕೇರಳದ ಕಾಸರಗೋಡು ಭಾಗದ ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ 1970, 1977, 1980, 1982, ಹೀಗೆ ಸತತ ನಾಲ್ಕು ಚುನಾವಣೆಗಳನ್ನು ಸಿಪಿಐ ಗೆದ್ದಿದೆ. ಮೊದಲೆರಡು ಸಲ ಎಂ. ರಾಮಪ್ಪ, ಆಮೇಲಿನ ಎರಡು ಸಲ ಡಾ. ಎ. ಸುಬ್ಬರಾವ್. ಮುಖ್ಯಮಂತ್ರಿ ಇ.ಕೆ. ನಾಯನಾರ್ ಅವರ ಮೊದಲ ಸಂಪುಟದಲ್ಲಿ ಸುಬ್ಬರಾಯರು ನೀರಾವರಿ ಮಂತ್ರಿಯೂ ಆಗಿದ್ದರು. ಆದರೆ ಕಾಸರಗೋಡಿನ ರಾಜಕೀಯವನ್ನು ಕನ್ನಡದಲ್ಲಿ ಬರೆಯುವವರು ಕರ್ನಾಟಕಕ್ಕೆ ಸೇರಬೇಕೆಂದ ಶಾಸಕರಾದ ಕಳ್ಳಿಗೆ ಮಹಾಬಲ ಭಂಡಾರಿ, ಯು.ಪಿ. ಕುಣಿಕುಳ್ಳಾಯ, ಗಡಿ ವಿವಾದದ ಮಹಾಜನ್ ವರದಿ ಇಷ್ಟು ಹೇಳಿ ಕೈತೊಳೆದುಕೊಳ್ಳುತ್ತಾರೆ. ಎಡಪಕ್ಷದ ಕನ್ನಡ ಶಾಸಕರ ಬಗ್ಗೆ ಬರೆಯುತ್ತೇನೆಂದಾಗ ಬಂದ ಉತ್ತರಗಳೂ ಗೊತ್ತಿದ್ದವೇ: ದಾಖಲೆ ಎಲ್ಲ ಮಲಯಾಳದಲ್ಲಿದೆ, ಇರುವುದು ತಿರುವನಂತಪುರದಲ್ಲಿ, ನೆನಪಿದ್ದವರು ಹೋಗಿಯಾಯಿತು, ಇನ್ನೇನು ಬರೆಯುತ್ತೀರಿ? ಈಗ ಸುಬ್ಬರಾಯರ ಬಗ್ಗೆ ಬರೆದ ಪುಸ್ತಿಕೆ ಕೈಯಲ್ಲಿದೆ. ಕಾಗದದ ಆಧಾರ ಇಲ್ಲದ ಒಂದು ವಾಕ್ಯವೂ ಅದರಲ್ಲಿ ಇಲ್ಲ ಎನ್ನುವುದಕ್ಕೆ ಸ್ವಲ್ಪ ಜಂಬ ಇದೆ, ಇರಲಿ. ವ್ಯಾಪ್ತಿ ಮಾತ್ರ ಚಿಕ್ಕದು, 1980ರಿಂದ 1987ರವರೆಗಿನ ಸದನದ ಕೆಲಸ. ಬಾಲ್ಯ, ಕುಟುಂಬ, ಅಭಿನಂದನೆ ಯಾವುದೂ ಅದರಲ್ಲಿಲ್ಲ.

ರೂಢಿಯ ಕ್ರಮವನ್ನು ತಿರುಗಿಸಿದ್ದರಿಂದ ಇದು ಸಾಧ್ಯವಾಯಿತು. ಸಾಮಾನ್ಯವಾಗಿ ಹಿರಿಯರ ಸಂದರ್ಶನದಿಂದ ಶುರು ಮಾಡಿ ಕೊನೆಗೆ ದಾಖಲೆ ಹುಡುಕುತ್ತಾರೆ. ಅಷ್ಟು ಹೊತ್ತಿಗೆ ನಲವತ್ತು ವರ್ಷದ ನೆನಪುಗಳು ಒಂದಕ್ಕೊಂದು ಸುತ್ತಿಕೊಂಡು, ಯಾವ ಮಾತು ಯಾವ ಸರಕಾರದ ಕಾಲದ್ದು ಎಂದು ಬಿಡಿಸಲಾಗದ ಹಾಗೆ ಆಗಿರುತ್ತವೆ. ಮೊದಲು ತಾರೀಕುಗಳ ಅಸ್ಥಿಪಂಜರ, ಆಮೇಲೆ ನಡವಳಿ (ಸದನದಲ್ಲಿ ಆಡಿದ ಮಾತಿನ ಅಚ್ಚಾದ ದಾಖಲೆ), ಆಮೇಲೆ ಪತ್ರಿಕೆ, ಮಾತುಕತೆ ಕಟ್ಟಕಡೆಗೆ ಎನ್ನುವುದು ನನ್ನ ಕ್ರಮ.

ಅಸ್ಥಿಪಂಜರಕ್ಕೆ ಚುನಾವಣಾ ಆಯೋಗದ ಅಂಕಿಅಂಶ ವರದಿಗಳು ಸಾಕು. ಪ್ರತಿ ಚುನಾವಣೆಯದ್ದೂ ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತದೆ. 1980 ಜನವರಿ 25ಕ್ಕೆ ನಾಯನಾರ್ ಸಂಪುಟ ಬಂತು. 1981 ಅಕ್ಟೋಬರ್ 20ಕ್ಕೆ ಹೋಯಿತು. ನಂತರ ರಾಷ್ಟ್ರಪತಿ ಆಡಳಿತ. ಡಿಸೆಂಬರ್ ಕೊನೆಗೆ ಕರುಣಾಕರನ್ ಸರಕಾರ ಬಂದು 1982ರ ಮಾರ್ಚ್‌ನಲ್ಲಿ ಬಿತ್ತು, ಮೇ 19ಕ್ಕೆ ಮತ್ತೆ ಮತದಾನ. ಇದನ್ನು ಉದ್ದದ ಹಾಳೆಯಲ್ಲಿ ಎಡಬದಿಗೆ ಬರೆದು ಬಲಬದಿ ಖಾಲಿ ಬಿಡಬೇಕು. ಸುಬ್ಬರಾಯರು ಸುಮಾರು ಇಪ್ಪತ್ತೊಂದು ತಿಂಗಳು ಉತ್ತರ ಕೊಡುವ ಕಡೆ ಇದ್ದರು, ಉಳಿದಷ್ಟು ಕಾಲ ಪ್ರಶ್ನೆ ಕೇಳುವ ಕಡೆ. ಈ ಒಂದು ಗೆರೆ ಸ್ಪಷ್ಟವಾಗದೆ ಮುಂದೆ ಹೋದರೆ ಎಲ್ಲ ಕಲಸುಮೇಲೋಗರ. ಯಾಕೆಂದರೆ ಮಂತ್ರಿಯಾಗಿದ್ದಾಗಿನ ಅವರ ಮಾತು ಅನೇಕ ಕಡೆ ಹೆಸರಿನಡಿ ಇರುವುದಿಲ್ಲ, ಹುದ್ದೆಯಡಿ ಇರುತ್ತದೆ. ಸೂಚಿಯಲ್ಲಿ ಸುಬ್ಬರಾವ್ ಎಂದು ಹುಡುಕಿ ಆ ಇಪ್ಪತ್ತೊಂದು ತಿಂಗಳಲ್ಲಿ ಏನೂ ಇಲ್ಲವೆಂದು ತೀರ್ಮಾನಿಸಬೇಡಿ. ಜಲಸೇಚನ ಎನ್ನುವ ಶೀರ್ಷಿಕೆ ಹಿಡಿದರೆ ರಾಶಿ ಸಿಗುತ್ತದೆ.

ನಡವಳಿಯ ಸ್ಕ್ಯಾನ್ ಪ್ರತಿಗಳು ಕೇರಳ ವಿಧಾನಸಭೆಯ ಜಾಲತಾಣದಲ್ಲಿವೆ. ಸಮಸ್ಯೆ ಇರುವುದು ಹುಡುಕುವುದರಲ್ಲಿ. ಆ ಕಾಲದ ಮುದ್ರಣ ಮೊಳೆ ಜೋಡಿಸಿದ್ದು, ಅಲ್ಲಲ್ಲಿ ಅಕ್ಷರ ಮುರಿದಿದೆ. ಮಲಯಾಳ ಲಿಪಿ ಸುಧಾರಣೆಯ ಆದೇಶ 1971ರದ್ದು. ಅದಕ್ಕೂ ಹಿಂದಿನ ಸಂಪುಟಗಳಲ್ಲಿ ಉಕಾರ, ಒತ್ತಕ್ಷರ ಎಲ್ಲ ಮೈಗಂಟಿಕೊಂಡ ಹಳೆ ರೂಪ. ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ತಂತ್ರಾಂಶ ಅಲ್ಲಿ ಪೂರ್ತಿ ಕೈಚೆಲ್ಲುತ್ತದೆ. 1980ರ ನಂತರದ ಪುಟಗಳಲ್ಲಿ ಅಂದಾಜು ಹತ್ತಕ್ಕೆ ಏಳು ಪದ ಸರಿ ಬಂತು. ಪುಟಗಳನ್ನು 300 ಡಿಪಿಐಗೆ ತಂದು, ಕಪ್ಪು-ಬಿಳುಪು ಮಾಡಿ, ಓರೆ ತಿದ್ದಿ ಕೊಟ್ಟರೆ ಎಂಟರ ಹತ್ತಿರ. ಗೂಗಲ್ ಡ್ರೈವ್‌ನಲ್ಲಿ ತೆರೆದರೆ ಇನ್ನೂ ಚೆನ್ನಾಗಿ ಬರುತ್ತದೆ. ಆದರೆ ಪ್ರಶ್ನೆ ಎಡಕ್ಕೆ, ಉತ್ತರ ಬಲಕ್ಕೆ ಇರುವ ಪುಟಗಳಲ್ಲಿ ಎರಡನ್ನೂ ಅಡ್ಡಡ್ಡ ಓದಿ ಬೆರೆಸಿಬಿಡುತ್ತದೆ. ಅಂಥ ಪುಟವನ್ನು ಉದ್ದಕ್ಕೆ ಸೀಳಿ ಬೇರೆ ಬೇರೆ ಕೊಡಬೇಕು.

ಹೆಚ್ಚಿನವರು ಸೋಲುವುದು ಹೆಸರಿನ ಅಕ್ಷರದಲ್ಲಿ. ಮಲಯಾಳದಲ್ಲಿ ಎರಡು ರಕಾರ ಇವೆ. ರಾಮಪ್ಪ ಎನ್ನುವಲ್ಲಿ ನಮ್ಮ ರ, ರಾವು ಎನ್ನುವಲ್ಲಿ ಹಳಗನ್ನಡದ ಱದಂಥ ಇನ್ನೊಂದು. ಕನ್ನಡದಿಂದ ಲಿಪ್ಯಂತರ ಮಾಡುವ ತಂತ್ರಾಂಶ ಎರಡಕ್ಕೂ ಮೊದಲನೆಯದನ್ನೇ ಹಾಕುತ್ತದೆ. ಫಲಿತಾಂಶ ಸೊನ್ನೆ. ಹಾಗೆಯೇ ಮಂಜೇಶ್ವರ ಅಲ್ಲಿ ಮಂಚೇಶ್ವರಂ, ಜಕಾರದಿಂದ ಹುಡುಕಿದರೆ ಸಿಗದು. ಕಾಸರಗೋಡಿಗೆ ಕನಿಷ್ಠ ಮೂರು ರೂಪ ಇವೆ. ಅದರಲ್ಲಿ ಅರ್ಧ ರಕಾರ ಬರುವ ರೂಪಕ್ಕೆ ಯೂನಿಕೋಡ್‌ನಲ್ಲಿ ಹಳೆಯ ಮತ್ತು ಹೊಸ ಎರಡು ಸಂಕೇತ. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಆದ್ದರಿಂದ ಒಂದೊಂದು ಹೆಸರಿಗೂ ಆರೇಳು ರೂಪಗಳ ಪಟ್ಟಿ ಮಾಡಿಟ್ಟು ಎಲ್ಲವನ್ನೂ ಓಡಿಸಬೇಕು. ಮುರಿದ ಅಕ್ಷರಗಳಿಗೆ ಇದರ ಮೇಲೆ ಇನ್ನೊಂದು ಉಪಾಯ ಇದೆ. ಮುಂದಿನ ಪುಸ್ತಕಕ್ಕೂ ಅದೇ ಬಂಡವಾಳವಾದ್ದರಿಂದ ಸದ್ಯ ಹೇಳುವುದಿಲ್ಲ.

ಸಿಕ್ಕಿದ ಮೇಲೆ ಏನು ಓದಬೇಕು? ಪ್ರಶ್ನೆಗಳ ಸಂಖ್ಯೆ ಎಣಿಸಿ ಶಾಸಕರನ್ನು ಅಳೆಯುವವರಿದ್ದಾರೆ. ಅದು ನಿಷ್ಪ್ರಯೋಜಕ ಲೆಕ್ಕ. ರಾಮಪ್ಪನವರನ್ನೇ ನೋಡಿ. ಅವರ ಮೊದಲ ಅವಧಿ ಪೂರ್ತಿ ಅಚ್ಯುತ ಮೇನೋನ್ ಸರಕಾರದ ಕಾಲ, ಮುಖ್ಯಮಂತ್ರಿ ಸಿಪಿಐಯವರೇ. ತುರ್ತು ಪರಿಸ್ಥಿತಿಯಿಂದಾಗಿ ಆ ಸಭೆಯ ಅವಧಿ 1977ರವರೆಗೆ ಎಳೆಯಿತು. ಎರಡನೆಯ ಅವಧಿಯಲ್ಲೂ ಪಕ್ಷ ಬಹುಪಾಲು ಆಡಳಿತದ ಸಾಲಿನಲ್ಲೇ, ನಡುವೆ ಸಿಪಿಐಯವರೇ ಆದ ಪಿ.ಕೆ. ವಾಸುದೇವನ್ ನಾಯರ್ ಸುಮಾರು ಒಂದು ವರ್ಷ ಮುಖ್ಯಮಂತ್ರಿ. ಆಡಳಿತ ಪಕ್ಷದ ಶಾಸಕ ಕೆಲಸ ಮಾಡಿಸಿಕೊಳ್ಳುವುದು ಮಂತ್ರಿಯ ಕೊಠಡಿಯಲ್ಲಿ, ಸದನದಲ್ಲಿ ಅಲ್ಲ. ಸದನದಲ್ಲಿ ಅವರ ಮಾತು ಕಡಿಮೆ ಎಂದರೆ ಕೆಲಸ ಕಡಿಮೆ ಎಂದಲ್ಲ.

ನಾನು ಹಿಡಿದದ್ದು ಮೂರು ಜಾಗ. ಒಂದು, ಬಜೆಟ್‌ನಲ್ಲಿ ಇಲಾಖೆ ಕೇಳಿದ ಹಣವನ್ನು ಕಡಿತ ಮಾಡಬೇಕೆಂದು ಶಾಸಕರು ಕೊಡುವ ಖೋತಾ ಸೂಚನೆಗಳು. ವಿರೋಧ ಪಕ್ಷದಲ್ಲಿದ್ದಾಗ ಶಾಸಕ ಯಾವ ಊರಿನ ಯಾವ ಕುಂದುಕೊರತೆಯನ್ನು ಬರೆದು ಕೊಟ್ಟ ಎನ್ನುವುದು ಅಲ್ಲಿ ಒಂದೊಂದು ಸಾಲಲ್ಲಿ ಬಂದಿರುತ್ತದೆ. ಭಾಷಣಕ್ಕಿಂತ ಇದು ನಿಖರ. ಎರಡು, ಭರವಸೆಗಳ ಸಮಿತಿಯ ವರದಿ. ಮಂತ್ರಿ ಸದನದಲ್ಲಿ ಮಾಡಿಸುತ್ತೇವೆ ಎಂದದ್ದು ಆಯಿತೇ ಇಲ್ಲವೇ ಎಂದು ಆ ಸಮಿತಿ ಬೆನ್ನು ಹತ್ತುತ್ತದೆ. ಮಂತ್ರಿಯಾಗಿದ್ದವರ ಚರಿತ್ರೆ ಬರೆಯುವವರು ಇದನ್ನು ಬಿಟ್ಟರೆ ಬರೆದದ್ದು ಅಭಿನಂದನ ಗ್ರಂಥ ಆಗುತ್ತದೆ. ಮೂರು, ಸದನದ ಮತದಾನದಲ್ಲಿ ಯಾರು ಪರ, ಯಾರು ವಿರೋಧ ಎಂದು ಹೆಸರು ಸಮೇತ ದಾಖಲಾದ ಮತ ವಿಭಜನೆಯ ಪಟ್ಟಿ. 1982ರ ಆರಂಭದಲ್ಲಿ ಸದನ ಸಮಬಲದಲ್ಲಿದ್ದು ಸ್ಪೀಕರ್ ಎ.ಸಿ. ಜೋಸ್ ಅವರ ನಿರ್ಣಾಯಕ ಮತದಲ್ಲಿ ಸರಕಾರ ಉಸಿರಾಡುತ್ತಿತ್ತು. ಒಬ್ಬರು ಗೈರಾದರೂ ಗತಿ ಬದಲಾಗುವ ಅಂಥ ದಿನಗಳಲ್ಲಿ ಯಾರು ಎಲ್ಲಿ ನಿಂತರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನೀರಾವರಿ ಅಂಕಿಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಇಡೀ ಪುಸ್ತಿಕೆಯ ತಿರುಳೇ ಅದು. ಆಗಿನ ನೀರಾವರಿ ಚರ್ಚೆ ಎಂದರೆ ಕಲ್ಲಡ, ಪಳಶ್ಶಿ, ಮೂವಾಟ್ಟುಪುಳ ಮುಂತಾದ ಅಣೆಕಟ್ಟು ಮತ್ತು ಕಾಲುವೆ. ಮಂತ್ರಿಯ ಸ್ವಂತ ಕ್ಷೇತ್ರದಲ್ಲಿ ಅಂಥದ್ದು ಒಂದೂ ಇಲ್ಲ. ಇಲ್ಲಿನ ಅಡಿಕೆ ತೋಟ ಬದುಕಿದ್ದು ಸುರಂಗ, ಕೆರೆ ಮತ್ತು ಮಳೆ ನಿಂತ ಮೇಲೆ ತೋಡಿಗೆ ಕಲ್ಲು ಮಣ್ಣು ಸೊಪ್ಪಿನಿಂದ ಅಡ್ಡ ಹಾಕುವ ಕಟ್ಟಗಳಿಂದ. ಜಂಬಿಟ್ಟಿಗೆ ಗುಡ್ಡಕ್ಕೆ ಅಡ್ಡಲಾಗಿ ನೀರಿಗೆಂದು ಕೊರೆದ ಸುರಂಗ ಸರಕಾರದ ಯಾವ ತಖ್ತೆಯಲ್ಲೂ ಬೃಹತ್ ನೀರಾವರಿ ಎಂದು ಕಾಣದು. ಹಾಗಾಗಿ ದೊಡ್ಡ ಯೋಜನೆಗಳ ಪುಟ ತಿರುಗಿಸುತ್ತಾ ಕೂತರೆ ನಮ್ಮ ಭಾಗದ್ದೇನೂ ಸಿಗುವುದಿಲ್ಲ. ಕಿರು ನೀರಾವರಿಯ ಅನುಬಂಧಗಳಿಗೆ ಹೋಗಬೇಕು. ಅಲ್ಲಿ ಇನ್ನೊಂದು ತೊಡಕು. ಕಾಸರಗೋಡು ಜಿಲ್ಲೆ ಆದದ್ದು 1984 ಮೇ 24ಕ್ಕೆ. ಅದರ ಹಿಂದಿನ ಎಲ್ಲ ಅಂಕಿಯೂ ಕಣ್ಣೂರು ಜಿಲ್ಲೆಯ ಹೊಟ್ಟೆಯೊಳಗೆ. ಜಿಲ್ಲಾವಾರು ಪಟ್ಟಿ ಕೆಲಸಕ್ಕೆ ಬಾರದು, ಕಾಸರಗೋಡು ಮತ್ತು ಹೊಸದುರ್ಗ ತಾಲೂಕುವಾರು ಪಟ್ಟಿಯೇ ಬೇಕು. ಅದು ಬಹಳ ಸಲ ನಡವಳಿಯಲ್ಲಿ ಅಚ್ಚಾಗಿರುವುದಿಲ್ಲ. ವಿವರವನ್ನು ಮೇಜಿನ ಮೇಲೆ ಇಡಲಾಗಿದೆ ಎನ್ನುವ ಒಂದೇ ವಾಕ್ಯ ಇರುತ್ತದೆ. ಆ ವಾಕ್ಯ ಕಂಡಲ್ಲೆಲ್ಲ ತಾರೀಕು, ಪ್ರಶ್ನೆ ಸಂಖ್ಯೆ ಬರೆದಿಟ್ಟು ವಿಧಾನಸಭಾ ಗ್ರಂಥಾಲಯದಲ್ಲಿ ಪ್ರತ್ಯೇಕವಾಗಿ ಕೇಳಬೇಕು. ಅನುಬಂಧ ಕೊಡಿ ಎಂದರೆ ಇಲ್ಲ ಎನ್ನುತ್ತಾರೆ, ಪ್ರಶ್ನೆ ಸಂಖ್ಯೆ ಮುಂದಿಟ್ಟರೆ ಹುಡುಕುತ್ತಾರೆ.

ಅಲ್ಲೂ ಸಿಗದ್ದಕ್ಕೆ ಮಾಹಿತಿ ಹಕ್ಕು ಅರ್ಜಿ. ಹತ್ತು ರೂಪಾಯಿ ಶುಲ್ಕ, ಪ್ರತಿಗೆ ಪುಟಕ್ಕೆ ಎರಡೋ ಮೂರೋ ರೂಪಾಯಿ. ಒಂದು ಕಚೇರಿ, ಕಡತ ನಾಶ ಮಾಡಿದ್ದೇವೆ ಎಂದು ಎರಡು ಸಾಲು ಬರೆದು ಕಳಿಸಿತು. ಅಂಥ ಉತ್ತರ ಬಂದರೆ ಬಿಡಬೇಡಿ, ಕಡತ ನಾಶದ ರಿಜಿಸ್ಟರಿನ ಪ್ರತಿ ಕೊಡಿ ಎಂದು ಎರಡನೇ ಅರ್ಜಿ ಹಾಕಿ. ಕಡತ ಹೋದರೂ ಅದರ ವಿಷಯ, ವರ್ಷ, ಸಂಖ್ಯೆ ಆ ರಿಜಿಸ್ಟರಿನಲ್ಲಿ ಉಳಿದಿರಬೇಕು. ನನಗೆ ಎರಡು ಅಧ್ಯಾಯಕ್ಕೆ ಅದೇ ಆಧಾರ.

ಪತ್ರಿಕೆಗಳಲ್ಲಿ ನಿರೀಕ್ಷಿಸಿದಷ್ಟು ದಕ್ಕಲಿಲ್ಲ. ಕನ್ನಡ ಪತ್ರಿಕೆಗಳಲ್ಲಿ ಅವರ ಹೆಸರು ಸುಬ್ಬರಾವ್, ಸುಬ್ಬರಾಯ, ಎ.ಎಸ್. ರಾವ್ ಎಂದೆಲ್ಲ ಬಂದಿದೆ. ಮಂಗಳೂರಿನ ಆವೃತ್ತಿಗಳಿಗೆ ತಿರುವನಂತಪುರ ದೂರ, ತಿರುವನಂತಪುರದ ಪತ್ರಿಕೆಗಳಿಗೆ ಮಂಜೇಶ್ವರ ದೂರ. ಪಕ್ಷದ ದೃಷ್ಟಿ ಬೇಕೆಂದರೆ ಜನಯುಗಂ, ಉತ್ತರ ಕೇರಳದ ಸುದ್ದಿಗೆ ಕೋಳಿಕ್ಕೋಡಿನ ಮಾತೃಭೂಮಿ. ಚುನಾವಣೆಗೆ ಹಿಂದಿನ ಮೂರು ವಾರ ಮತ್ತು ಬಜೆಟ್ ಅಧಿವೇಶನದ ವಾರಗಳನ್ನು ಮಾತ್ರ ನೋಡಿ. ವರ್ಷವಿಡೀ ತಿರುಗಿಸಿದರೆ ಧೂಳು, ಕೆಮ್ಮು ಬಿಟ್ಟು ಬೇರೇನೂ ಸಿಗದು.

ಯಂತ್ರಾನುವಾದವನ್ನು ಬಳಸಿ ನೋಡಿದ್ದಾಯಿತು. ಸಾರಾಂಶ ತಿಳಿಯಲು ಸಾಕು, ಉದ್ಧರಣೆಗೆ ಬೇಡ. ಸದನದ ಮಲಯಾಳದಲ್ಲಿ ಕರ್ಮಣಿ ಪ್ರಯೋಗ ಜಾಸ್ತಿ. ಯಾರು ಮಾಡಿದರು ಎನ್ನುವುದು ಯಂತ್ರದಲ್ಲಿ ತಲೆಕೆಳಗಾಗುತ್ತದೆ. ಮಂತ್ರಿ ತಿರಸ್ಕರಿಸಿದ್ದನ್ನು ಪ್ರಶ್ನೆ ಕೇಳಿದವರೇ ತಿರಸ್ಕರಿಸಿದ ಹಾಗೆ ಬಂದದ್ದುಂಟು. ಗಡಿನಾಡಿನಲ್ಲಿ ಎರಡೂ ಭಾಷೆ ಬಲ್ಲ ನಿವೃತ್ತ ಅಧ್ಯಾಪಕರಿಗೆ ಕೊರತೆಯಿಲ್ಲ. ಪುಟಕ್ಕೆ ನೂರು ರೂಪಾಯಿ ಲೆಕ್ಕದಲ್ಲಿ ಒಬ್ಬರಿಂದ ಅನುವಾದ, ಇನ್ನೊಬ್ಬರಿಂದ ಪರಿಶೀಲನೆ. ಖರ್ಚಿನಲ್ಲಿ ಇದು ದೊಡ್ಡ ಬಾಬ್ತು, ಹದಿನೈದು ಸಾವಿರದ ಹತ್ತಿರ ಹೋಯಿತು.

ಮಾತುಕತೆ ಕೊನೆಗೆ ಎಂದೆನಲ್ಲ, ಅದರಲ್ಲೂ ಕ್ರಮ ಇದೆ. ಸುಬ್ಬರಾಯರು ಹೇಗಿದ್ದರು ಎಂದು ಕೇಳಿದರೆ ಒಳ್ಳೆ ಜನ ಎಂಬ ಉತ್ತರ ಗ್ಯಾರಂಟಿ. ಅದರ ಬದಲು ಖೋತಾ ಸೂಚನೆಯ ಸಾಲನ್ನು ಓದಿ ಹೇಳಿ, ಈ ತೋಡು ಯಾವುದು, ಈ ಕಟ್ಟ ಆಮೇಲೆ ಆಯಿತೋ ಎಂದು ಕೇಳಬೇಕು. ಆಗ ಮಾತು ತಾನಾಗಿ ಬರುತ್ತದೆ, ಯಾರು ಮನವಿ ಬರೆದರು, ಯಾರು ಅಡ್ಡಗಾಲು ಹಾಕಿದರು ಎನ್ನುವುದರ ತನಕ. ಕಾಗದಕ್ಕೂ ನೆನಪಿಗೂ ಒಂದು ಚುನಾವಣೆಯಷ್ಟು ಅಂತರ ಬಂದರೆ ಆ ನೆನಪನ್ನು ಬಿಟ್ಟಿದ್ದೇನೆ, ಎಷ್ಟೇ ಚಂದ ಇರಲಿ.

ನಡುವೆ ದಾರಿ ಬಿಟ್ಟು ಎರಡು ಪ್ರಯೋಗ ಮಾಡಿದೆ. ಒಂದು ಮಂಜೇಶ್ವರದ ಗೆಲುವಿನ ಅಂತರಗಳ ನಕ್ಷೆ. 1957ರಲ್ಲಿ ಎಂ. ಉಮೇಶ ರಾವ್ ಅವಿರೋಧ ಆಯ್ಕೆ. ಅದೇ ಕ್ಷೇತ್ರದಲ್ಲಿ 2016ರಲ್ಲಿ ಪಿ.ಬಿ. ಅಬ್ದುಲ್ ರಝಾಕ್ ಗೆದ್ದದ್ದು 89 ಮತಗಳಿಂದ. ಸುಬ್ಬರಾಯರ ಎರಡೂ ಗೆಲುವು ಇನ್ನೂರರೊಳಗೆ. ಅಂಥ ಕ್ಷೇತ್ರದ ಶಾಸಕ ಪ್ರತಿ ಮನವಿಯನ್ನೂ ಸದನಕ್ಕೆ ಒಯ್ಯುವುದರಲ್ಲಿ ಆಶ್ಚರ್ಯವೇನಿದೆ? 1965ರಲ್ಲಿ ಗೆದ್ದ ಮಹಾಬಲ ಭಂಡಾರಿಯವರ ಆ ಅವಧಿಗೆ ನಡವಳಿ ಹುಡುಕಿ ಹೊತ್ತು ಕಳೆಯಬೇಡಿ, ಆ ಸಭೆ ಸೇರಲೇ ಇಲ್ಲ. ಇನ್ನೊಂದು ಪ್ರಯೋಗ ರಾಮಪ್ಪನವರ ಕಾಲದ ಭೂಸುಧಾರಣೆ. 1970 ಜನವರಿ 1ಕ್ಕೆ ಜಾರಿಯಾದ ತಿದ್ದುಪಡಿಯಲ್ಲಿ ಕುಡಿಕಿಡಪ್ಪುಕಾರರಿಗೆ (ಬೇರೆಯವರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಿಗೆ) ಪಂಚಾಯತಿನಲ್ಲಿ ಹತ್ತು ಸೆಂಟ್ಸ್ ಹಕ್ಕು. ಚಾಲಗೇಣಿ (ಕಾಯಂ ಹಕ್ಕಿಲ್ಲದ ಗೇಣಿ) ಒಕ್ಕಲುಗಳಿಗೆ ಜಾಗ ಆದದ್ದನ್ನು ಪಂಚಾಯತುವಾರು ತೆಗೆಯಲು ಹೊರಟೆ. ಭೂ ನ್ಯಾಯಮಂಡಳಿಯ ದಾಖಲೆಗಳು ಬೇರೆ ಬೇರೆ ಕಡೆ ಹಂಚಿಹೋಗಿವೆ, ಒಬ್ಬರಿಂದ ಆಗುವ ಕೆಲಸ ಅಲ್ಲ. ನಾಲ್ಕು ಜನ ಕೂಡಿದರೆ ಆಗಬಹುದು.

ಮುದ್ರಣದಲ್ಲಿ ಹಣ ಕಳೆಯುವ ಜಾಗ ಒಂದೇ, ಅಕ್ಷರ ಪರಿವರ್ತನೆ. ಪ್ರೆಸ್ಸಿನವರು ಯೂನಿಕೋಡ್ ಕಡತವನ್ನು ನುಡಿ ತಂತ್ರಾಂಶದ ಅಕ್ಷರಕ್ಕೆ ತಿರುಗಿಸಿ, ಪುಟ ಜೋಡಿಸುವ ಪೇಜ್‌ಮೇಕರ್‌ಗೆ ಹಾಕುತ್ತಾರೆ. ಅರ್ಕಾವೊತ್ತು ಜಾಗ ಬಿಡುತ್ತದೆ, ಮಲಯಾಳ ಹೆಸರಿನ ಞ, ಳ ಮಾಯ ಆಗುತ್ತವೆ. ಕಾಞಂಗಾಡು ಇರುವ ಪುಟಗಳನ್ನು ಮೊದಲು ನೋಡಿ. ಒಂದು ಮುದ್ರಣಾಲಯ ಕರಡು ತಿದ್ದುಪಡಿಗೆ ಪುಟದ ಲೆಕ್ಕದಲ್ಲಿ ಮತ್ತೆ ಬಿಲ್ ಮಾಡಿತು, ಅಲ್ಲಿಂದ ತೆಗೆದು ನೇರ ಪಿಡಿಎಫ್ ತೆಗೆದುಕೊಳ್ಳುವ ಡಿಜಿಟಲ್ ಪ್ರೆಸ್ಸಿಗೆ ಕೊಟ್ಟದ್ದು. ಡೆಮಿ 1/8 ಆಕಾರ, ಸುಮಾರು 160 ಪುಟ, 70 ಜಿಎಸ್ಎಂ ಮ್ಯಾಪ್‌ಲಿಥೋ ಕಾಗದ, ಮುನ್ನೂರು ಪ್ರತಿ, ಬೈಂಡಿಂಗ್ ಸೇರಿ ಮೂವತ್ತೈದು ಸಾವಿರದ ಆಚೀಚೆ. ಆಫ್‌ಸೆಟ್‌ನಲ್ಲಿ ಪ್ರತಿಯ ದರ ಕಡಿಮೆ ಬೀಳುವುದು ಐನೂರು ದಾಟಿದ ಮೇಲೆ, ಆದರೆ ಇಂಥ ಪುಸ್ತಕದ ಐನೂರು ಪ್ರತಿ ಎಲ್ಲಿ ಇಡುತ್ತೀರಿ? ತಿರುವನಂತಪುರಕ್ಕೆ ಹೋಗುವ ಮಾವೇಲಿ ಎಕ್ಸ್‌ಪ್ರೆಸ್ ರೈಲಿನ ಸ್ಲೀಪರ್ ಟಿಕೇಟು, ಅಲ್ಲಿನ ಪಾಳಯಂ ಹತ್ತಿರ ಲಾಡ್ಜು, ಜೆರಾಕ್ಸ್ ಎಲ್ಲ ಸೇರಿ ಮತ್ತೊಂದು ಹನ್ನೆರಡು ಸಾವಿರ ಇಟ್ಟುಕೊಳ್ಳಿ. ಬೆಲೆ 180 ಇಟ್ಟದ್ದು, ಗ್ರಂಥಾಲಯಗಳಿಗೆ ಮೂರನೇ ಒಂದು ಕಡಿತ. ಅಸಲು ಇನ್ನೂ ಪೂರ್ತಿ ಬಂದಿಲ್ಲ. ಹೆಚ್ಚು ಪ್ರತಿ ತೆಗೆದುಕೊಂಡವರು ಕನ್ನಡ ಓದಲು ಬರುವ ಮಲಯಾಳಿಗಳು. ಮಲಯಾಳಕ್ಕೆ ತರ್ಜುಮೆ ಮಾಡುತ್ತೇವೆಂದು ಕೇಳುತ್ತಿದ್ದಾರೆ. ಮೂಲ ಉದ್ಧರಣೆಗಳೆಲ್ಲ ಮಲಯಾಳದಲ್ಲೇ ಟೈಪ್ ಆಗಿ ಕಂಪ್ಯೂಟರಿನಲ್ಲಿವೆ, ಆ ಭಾಗದ ಖರ್ಚು ಅವರಿಗೆ ಉಳಿಯುತ್ತದೆ.