ಗ್ರೀಸ್ ಗನ್ ಕೊಳ್ಳುವಾಗ ನಾನು ಮೊದಲು ನೋಡೋದು ಅದರ ಮೂತಿ

ಟ್ರ್ಯಾಕ್ಟರಿನ ಕೀಲುಗಳಿಗೆ ಗ್ರೀಸ್ ತುಂಬೋ ಗನ್ ಬೇಕು ಅಂತ ಬಿಡಿಭಾಗದ ಅಂಗಡಿಗೆ ಹೋದರೆ ಕೌಂಟರಿನ ಮೇಲೆ ಮೊದಲು ಬರೋದು ಹೊಳೆಯುವ ಬ್ಯಾರೆಲ್ಲು, ಅದರ ಹಿಂದೆಯೇ ‘ಹತ್ತು ಸಾವಿರ ಪಿಎಸ್‌ಐ ಸಾರ್’ ಅನ್ನೋ ಮಾತು. ಹತ್ತು ಸಾವಿರ ಪಿಎಸ್‌ಐ ಅಂದರೆ ಸುಮಾರು 690 ಬಾರ್ ಒತ್ತಡ. ಗ್ರೀಸ್ ಒಳಗೆ ಹೋಗೋಕೆ ಕೀಲಿನ ಮೇಲೆ ಕೂರಿಸಿರೋ ಸಣ್ಣ ಬಾಯಿಯೇ ನಿಪ್ಪಲ್ಲು; ಆರೋಗ್ಯವಾಗಿರೋ ನಿಪ್ಪಲ್ಲಿಗೆ ಅದರ ಕಾಲುಭಾಗವೂ ಬೇಕಾಗಲ್ಲ. ನಾನು ಬ್ಯಾರೆಲ್ ಬಿಟ್ಟು ಪೈಪಿನ ತುದಿ ಹಿಡಿದು ನೋಡ್ತೀನಿ. ಅಲ್ಲಿ ನಿಪ್ಪಲ್ಲನ್ನು ಕಚ್ಚಿ ಹಿಡಿಯೋ ಮೂತಿ, ಅಂದರೆ ಕಪ್ಲರ್, ಚೆನ್ನಾಗಿಲ್ಲದಿದ್ದರೆ ಹಿಂದೆ ಎಷ್ಟು ಒತ್ತಡ ಇದ್ದರೂ ಗ್ರೀಸ್ ಹೋಗೋದು ನಿಪ್ಪಲ್ಲಿನ ಒಳಕ್ಕಲ್ಲ, ನಮ್ಮ ಅಂಗೈಗೆ.

ನಮ್ಮದು ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆ. ಟ್ರ್ಯಾಕ್ಟರ್ 45 ಎಚ್‌ಪಿದು, ಜೊತೆಗೆ ರೋಟವೇಟರ್, ಕಲ್ಟಿವೇಟರ್, ಒಂದು ಟ್ರೇಲರ್. ನಾಲೆಗೆ ನೀರು ಬಿಟ್ಟ ಮೇಲೆ ಕಬ್ಬಿಣದ ಪಂಜರದಂಥ ಗಾಲಿ, ಅಂದರೆ ಕೇಜ್‌ವೀಲ್ ಹಾಕಿಕೊಂಡು ಕೆಸರಿಗೆ ಇಳಿದರೆ ಮುಂದಿನ ಆಕ್ಸಲ್ಲು ದಿನವಿಡೀ ನೀರಲ್ಲೇ ಇರುತ್ತೆ. ಒಣ ಹೊಲದಲ್ಲಿ ಉಳುವವರಿಗೆ ಗ್ರೀಸ್ ಬರೀ ಜಾರಿಕೆ ಕೊಡೋ ವಸ್ತು. ಕೆಸರಲ್ಲಿ ಅದು ಬಾಗಿಲು ಕಾಯುವ ಕೆಲಸವನ್ನೂ ಮಾಡಬೇಕು, ನೀರು ಮತ್ತು ಮಣ್ಣನ್ನು ಒಳಗೆ ಬಿಡಬಾರದು. ನಾನು ಮುಂದೆ ಹೇಳೋದೆಲ್ಲ ಈ ಕೆಸರಿನ ಲೆಕ್ಕದಲ್ಲಿ.

ನಿಪ್ಪಲ್ಲಿನ ಒಳಗೆ ಸ್ಪ್ರಿಂಗ್ ಮೇಲೆ ಕೂತ ಸಣ್ಣ ಗುಂಡೊಂದಿದೆ. ಗ್ರೀಸಿನ ಒತ್ತಡಕ್ಕೆ ಅದು ಒಳಗೆ ಸರಿಯುತ್ತೆ, ಒತ್ತಡ ನಿಂತ ಕೂಡಲೇ ಬಾಯಿ ಮುಚ್ಚಿಕೊಳ್ಳುತ್ತೆ. ಕಪ್ಲರಿನ ಒಳಗೆ ಮೂರೋ ನಾಲ್ಕೋ ಹಲ್ಲು ಇರುತ್ತವೆ, ಅವು ನಿಪ್ಪಲ್ಲಿನ ತಲೆಯನ್ನು ಕುತ್ತಿಗೆಯ ಹತ್ತಿರ ಕಚ್ಚಿ ಹಿಡೀಬೇಕು. ಹಲ್ಲು ಸವೆದಿದ್ದರೆ, ಒಳಗಿನ ಸೀಲ್ ಹರಿದಿದ್ದರೆ, ಲಿವರ್ ಒತ್ತಿದಾಗ ಗ್ರೀಸ್ ಸುತ್ತಲಿನಿಂದ ಉಕ್ಕಿ ನಿಪ್ಪಲ್ಲಿನ ಮೇಲೆ ದಪ್ಪಗೆ ಕೂರುತ್ತೆ. ನೋಡಿದವರಿಗೆ ‘ಭರ್ತಿ ಗ್ರೀಸ್ ಹೊಡೆದಾರೆ’ ಅನಿಸುತ್ತೆ. ಒಳಗೆ ಮಾತ್ರ ಕೀಲಿನ ಪಿನ್ನು ಒಣಗಿಕೊಂಡೇ ತಿರುಗ್ತಿರುತ್ತೆ. ಕೂಲಿಗೆ ಬಂದ ಡ್ರೈವರ್ ಗ್ರೀಸ್ ಹೊಡೆದಿದ್ದೀನಿ ಅಂದರೆ ನಾನು ನಿಪ್ಪಲ್ ನೋಡಲ್ಲ. ಪಿನ್ನಿನ ಅಂಚು ನೋಡ್ತೀನಿ. ಹೊಸ ಗ್ರೀಸ್ ಅಲ್ಲಿಂದ ಹೊರಗೆ ಬಂದಿದ್ದರೆ ಮಾತ್ರ ಕೆಲಸ ಆಗಿದೆ ಅಂತ ಅರ್ಥ.

ಹಾಗಾಗಿ ಅಂಗಡಿಗೆ ಹೋಗುವಾಗ ಜೇಬಲ್ಲಿ ಒಂದು ನಿಪ್ಪಲ್ ಇಟ್ಟುಕೊಂಡು ಹೋಗ್ತೀನಿ. ಕಪ್ಲರಿಗೆ ಸಿಕ್ಕಿಸಿದರೆ ‘ಟಕ್’ ಅಂತ ಕೂರಬೇಕು. ನೇರವಾಗಿ ಎಳೆದರೆ ಸುಲಭಕ್ಕೆ ಬರಬಾರದು, ಸ್ವಲ್ಪ ಓರೆ ಮಾಡಿದರೆ ಬಿಟ್ಟುಕೊಳ್ಳಬೇಕು. ಈಗ ಕ್ಲಿಪ್ಪಿನ ಥರ ಹಿಡಿ ಒತ್ತಿ ಕೂರಿಸೋ ಲಾಕ್ ಕಪ್ಲರ್‌ಗಳೂ ಸಿಗುತ್ತವೆ. ಒಂದು ಸಲ ಹಾಕಿದರೆ ಅದೇ ಕಚ್ಚಿಕೊಂಡಿರುತ್ತೆ, ಎರಡೂ ಕೈ ಗನ್ನಿಗೇ ಸಿಗುತ್ತವೆ. ಒಬ್ಬರೇ ಕೆಲಸ ಮಾಡುವವರಿಗೆ ಇದು ದುಡ್ಡಿಗೆ ತಕ್ಕ ವಸ್ತು. ಆದರೆ ತಲೆ ದಪ್ಪ, ಹಿಂದಿನ ಸಲಕರಣೆಯ ಮಟ್ಟ ಸರಿಮಾಡೋ ಲೆವೆಲಿಂಗ್ ಬಾಕ್ಸಿನ ಹತ್ತಿರದ ಇಕ್ಕಟ್ಟಿನಲ್ಲಿ ಕೂರಲ್ಲ. ಅದಕ್ಕೇ ನನ್ನ ಹತ್ತಿರ ಮಾಮೂಲಿ ಕಪ್ಲರ್ ಕೂಡ ಇದೆ, ಜಾಗ ನೋಡಿ ಬದಲಾಯಿಸ್ತೀನಿ. ಕೊಳ್ಳುವಾಗ ಪೈಪಿನ ಮರೆ, ಅಂದರೆ ತಿರುಪಿನ ಗೆರೆ, ನೋಡಿಕೊಳ್ಳಿ. ಎಂ10 ಮರೆಯದೂ ಇದೆ, 1/8 ಇಂಚು ಅಂತ ಕರೆಯೋ ಪೈಪ್ ಮರೆಯದೂ ಇದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಒತ್ತಿ ತಿರುಗಿಸಿದರೆ ಮರೆ ಕೆಡುತ್ತೆ.

ಗನ್ನಿನ ಜಾತಿ ವಿಷಯಕ್ಕೆ ಬಂದರೆ ಒಂದೇ ಟ್ರ್ಯಾಕ್ಟರ್ ಇರುವ ಮನೆಗೆ ಲಿವರ್ ಗನ್ನೇ ಸಾಕು. ಕೈಗೆ ಒತ್ತಡ ಗೊತ್ತಾಗುತ್ತೆ ಅನ್ನೋದು ಇದರ ದೊಡ್ಡ ಗುಣ. ನಿಪ್ಪಲ್ ಕಟ್ಟಿದೆಯೋ, ಗ್ರೀಸ್ ಒಳಗೆ ಹೋಗ್ತಿದೆಯೋ ಲಿವರೇ ಹೇಳುತ್ತೆ. ಒಂದೇ ಕೈಲಿ ಒತ್ತೋ ಪಿಸ್ತೂಲ್ ಹಿಡಿಯದು ಟ್ರ್ಯಾಕ್ಟರಿನ ಅಡಿ ಮಲಗಿ ಹೊಡೆಯೋಕೆ ಅನುಕೂಲ, ಆದರೆ ಒಂದು ಒತ್ತಿಗೆ ಬರೋ ಗ್ರೀಸ್ ಕಡಿಮೆ, ಕೈ ಬೇಗ ನೋಯುತ್ತೆ. ಬ್ಯಾಟರಿ ಗನ್ ಹಿಡಿದು ನೋಡಿದ್ದೀನಿ. ಕೆಲಸ ಸರಸರ ಆಗುತ್ತೆ. ನನಗೆ ಹಿಡಿಸದ ವಿಷಯ ಒಂದೇ: ಟ್ರಿಗರ್ ಒತ್ತಿದವರಿಗೆ ಒಳಗೆ ಏನಾಗ್ತಿದೆ ಅಂತ ಗೊತ್ತಾಗೋ ಹೊತ್ತಿಗೆ ಬೇರಿಂಗಿನ ಸೀಲ್ ಹೊರಗೆ ಬಂದಿರುತ್ತೆ. ಬಕೆಟ್ ಪಂಪ್ ಬೇಕಾಗೋದು ದೊಡ್ಡ ಯಂತ್ರದವರಿಗೆ. ಕೊಯ್ಲಿನ ಕಾಲಕ್ಕೆ ತಮಿಳುನಾಡು, ಪಂಜಾಬ್ ಕಡೆಯಿಂದ ನಮ್ಮಲ್ಲಿಗೆ ಬರೋ ಭತ್ತ ಕಟಾವು ಯಂತ್ರದ ಹುಡುಗರನ್ನು ನೋಡಿ, ಬೆಳಗ್ಗೆ ಎದ್ದರೆ ಅವರ ಮೊದಲ ಕೆಲಸವೇ ಗ್ರೀಸ್. ಅಷ್ಟು ನಿಪ್ಪಲ್ ಇರೋ ಯಂತ್ರಕ್ಕೆ ಕೈ ಗನ್ ಸಾಲಲ್ಲ.

ಪೈಪು ಗಟ್ಟಿಯದೋ ಮೆತ್ತನೆಯದೋ ಅನ್ನೋದು ಇನ್ನೊಂದು ತಲೆನೋವು. ಕಬ್ಬಿಣದ ಪೈಪಿದ್ದರೆ ಗನ್ನನ್ನೇ ಒತ್ತಿ ಕಪ್ಲರನ್ನು ನಿಪ್ಪಲ್ ಮೇಲೆ ನೆಟ್ಟಗೆ ನಿಲ್ಲಿಸಬಹುದು. ರಬ್ಬರ್ ಹೋಸ್ ಮೂಲೆಗೆಲ್ಲ ಹೋಗುತ್ತೆ, ಆದರೆ ಕಪ್ಲರ್ ಹಿಡಿಯೋಕೆ ಮೂರನೇ ಕೈ ಬೇಕು. ನನ್ನ ಹತ್ತಿರ ಎರಡೂ ಇವೆ. ಹೋಸಿಗೆ ಮಾತ್ರ ಕಂಜೂಸಿ ಮಾಡಲ್ಲ, ಯಾಕೆ ಅನ್ನೋದನ್ನು ಕೊನೆಗೆ ಹೇಳ್ತೀನಿ.

ಗ್ರೀಸಿನ ಬಣ್ಣ ನೋಡಿ ಕೊಳ್ಳುವವರು ಬಹಳ. ಕೆಂಪು ಅಂದರೆ ಒಳ್ಳೇದು, ನೀಲಿ ಅಂದರೆ ಬಿಸಿ ತಡೆಯುತ್ತೆ ಅಂತೆಲ್ಲ. ಬಣ್ಣ ಕಂಪನಿಯವರು ಬೆರೆಸೋದು, ಗುಣಕ್ಕೂ ಅದಕ್ಕೂ ಸಂಬಂಧ ಇಲ್ಲ. ಡಬ್ಬದ ಮೇಲೆ ಎನ್‌ಎಲ್‌ಜಿಐ ಅಂತ ಒಂದು ಅಂಕಿ ಇರುತ್ತೆ, ಅದು ಗಟ್ಟಿತನದ ಅಳತೆ. 2 ಅಂದರೆ ಗನ್ನಿನಲ್ಲಿ ಸಲೀಸಾಗಿ ಹರಿಯೋದು, 3 ಸ್ವಲ್ಪ ಗಟ್ಟಿ. ನಮ್ಮ ಅಂಗಡಿಗಳಲ್ಲಿ ಎಪಿ-3 ಅಂತ ಕೇಳಿದ ಕೂಡಲೇ ಕೊಡೋದು ಆ 3ರ ಗಟ್ಟಿ ಗ್ರೀಸು, ಚಕ್ರದ ಬೇರಿಂಗಿಗೆ ಕೈಯಿಂದ ತುಂಬೋಕೆ ಚೆನ್ನ. ಚಳಿಗಾಲದ ಬೆಳಗ್ಗೆ ಅದನ್ನೇ ಗನ್ನಿಗೆ ಹಾಕಿ ಲಿವರ್ ಒತ್ತಿ ನೋಡಿ, ಭುಜಕ್ಕೆ ವ್ಯತ್ಯಾಸ ಗೊತ್ತಾಗುತ್ತೆ. ಹಳೇ ಕಾಲದ ಚಾಸಿ ಗ್ರೀಸ್ ಕ್ಯಾಲ್ಸಿಯಂನದು. ನೀರಿಗೆ ಜಗ್ಗಲ್ಲ, ಆದರೆ ಬಿಸಿ ತಡೆಯಲ್ಲ, ಅರವತ್ತು ಡಿಗ್ರಿ ದಾಟಿದರೆ ಅದರ ಕಥೆ ಮುಗೀತು. ಲಿಥಿಯಂ ಗ್ರೀಸ್ ಬಿಸಿಗೂ ಸರಿ, ನೀರಿಗೂ ಒಂದು ಮಟ್ಟಕ್ಕೆ ಸರಿ. ನಾನು ಗನ್ನಿಗೆ ಲಿಥಿಯಂ 2 ಹಾಕ್ತೀನಿ, ಕೆಸರಿನ ದಿನಗಳಲ್ಲಿ ಮೇಲಿಂದ ಮೇಲೆ ಹೊಡೀತೀನಿ. ಒಂದು ಜಾತಿಯ ಗ್ರೀಸ್ ಇರೋ ಕಡೆ ಇನ್ನೊಂದನ್ನು ತುಂಬಬಾರದು. ಕೆಲವು ಒಂದಕ್ಕೊಂದು ಸೇರಿದರೆ ನೀರಾಗಿ ಸೋರಿಹೋಗುತ್ತವೆ. ಬದಲಾಯಿಸಲೇಬೇಕು ಅಂದರೆ ಹಳೇದು ಪೂರ್ತಿ ಹೊರಗೆ ಬರುವವರೆಗೆ ಹೊಸದನ್ನು ಹೊಡೀರಿ.

ತುಂಬೋದರಲ್ಲಿ ಜನ ಸೋಲೋದು ಗಾಳಿಯಿಂದ. ಗ್ರೀಸನ್ನು ಕೈಲಿ ಉಂಡೆ ಮಾಡಿ ಬ್ಯಾರೆಲ್ಲಿಗೆ ತುರುಕಿದರೆ ಉಂಡೆಗಳ ನಡುವೆ ಗಾಳಿ ಉಳಿಯುತ್ತೆ, ಆಮೇಲೆ ಎಷ್ಟು ಲಿವರ್ ಹೊಡೆದರೂ ‘ಪುಸ್’ ಅನ್ನೋದೇ. ನಾನು ತಲೆ ಬಿಚ್ಚಿ, ಬ್ಯಾರೆಲ್ಲಿನ ಬಾಯಿಯನ್ನು ಡಬ್ಬದ ಗ್ರೀಸಿನೊಳಗೆ ಅದ್ದಿ, ಹಿಂದಿನ ಸರಳನ್ನು ನಿಧಾನಕ್ಕೆ ಎಳೀತೀನಿ. ಬಾಯಿ ಗ್ರೀಸಿನಿಂದ ಮೇಲೆ ಬರದ ಹಾಗೆ ನೋಡಿಕೊಂಡರೆ ಇಂಜೆಕ್ಷನ್ ಸಿರಿಂಜಿನ ಹಾಗೆ ಎಳಕೊಳ್ಳುತ್ತೆ. ಸರಳನ್ನು ಕೊನೇ ತನಕ ಎಳೆದು ಹಿಂದಿನ ಸೀಳಿಗೆ ಸಿಕ್ಕಿಸಿ, ತಲೆಯನ್ನು ಪೂರ್ತಿ ಬಿಗಿ ಮಾಡದೆ ಒಂದು ಸುತ್ತು ಸಡಿಲ ಬಿಟ್ಟು, ಸರಳನ್ನು ಬಿಡಿಸ್ತೀನಿ. ಸ್ಪ್ರಿಂಗ್ ಒತ್ತಿದ ಕೂಡಲೇ ಮರೆಯ ಸಂದಿನಿಂದ ಗಾಳಿ ಬರುತ್ತೆ, ಆಮೇಲೆ ಗ್ರೀಸ್ ಇಣುಕುತ್ತೆ. ಆಗ ಬಿಗಿ. ಗಾಳಿ ಬಿಡೋ ಸಣ್ಣ ಸ್ಕ್ರೂ ಇರೋ ಗನ್ ಸಿಕ್ಕರೆ ಇನ್ನೂ ಒಳ್ಳೇದು. ಡಬ್ಬದ ಮುಚ್ಚಳ ತೆರೆದಿಟ್ಟು ಊಟಕ್ಕೆ ಹೋಗೋ ಅಭ್ಯಾಸ ಬಿಡಬೇಕು. ಕಣದ ಧೂಳು ಬಿದ್ದ ಗ್ರೀಸನ್ನು ಬೇರಿಂಗಿಗೆ ತುಂಬೋದು ಅಂದರೆ ಅದಕ್ಕೆ ಸಾಣೆ ಹಿಡಿದಂತೆಯೇ.

ಹೊಸ ಗನ್ ತಂದ ಮೇಲೆ ಹತ್ತು ಸಲ ಒತ್ತಿ, ಬಂದ ಗ್ರೀಸನ್ನು ಕಾಗದದ ಮೇಲೆ ಹಿಡಿದು ತೂಗಿಸಿ. ನನ್ನದು ಹತ್ತು ಗ್ರಾಮಿನ ಆಚೀಚೆ, ಅಂದರೆ ಒಂದು ಒತ್ತಿಗೆ ಒಂದು ಗ್ರಾಮು. ಕೈಪಿಡಿಯಲ್ಲಿ ಇಷ್ಟು ಗ್ರಾಮ್ ಅಂತ ಬರೆದಿರೋ ಕಡೆ ಈ ಲೆಕ್ಕ ಉಪಯೋಗಕ್ಕೆ ಬರುತ್ತೆ.

ಇನ್ನು ಹೊಡೆಯೋ ಕೆಲಸ. ಎಲ್ಲರೂ ಬೆಳಗ್ಗೆ ಹೊಡೀತಾರೆ, ನಾನು ಸಂಜೆ. ಕೆಲಸ ಮುಗಿಸಿ ಟ್ರ್ಯಾಕ್ಟರ್ ತೊಳೆದ ಮೇಲೆ ಕೀಲುಗಳು ಇನ್ನೂ ಬೆಚ್ಚಗಿರುತ್ತವೆ, ಗ್ರೀಸ್ ಸಲೀಸಾಗಿ ಹೋಗುತ್ತೆ. ಅದಕ್ಕಿಂತ ಮುಖ್ಯ, ಒಳಗೆ ನುಗ್ಗಿದ ನೀರು ಆಗಲೇ ಹೊರಗೆ ಬರುತ್ತೆ. ಬೆಳಗ್ಗೆ ಹೊಡೆದರೆ ರಾತ್ರಿಯಿಡೀ ಆ ನೀರು ಪಿನ್ನಿಗೆ ತುಕ್ಕು ಹಿಡಿಸಿರುತ್ತೆ. ಕೆಸರಿನ ದಿನ ಮುಂದಿನ ಆಕ್ಸಲ್ಲಿನ ನಡುವಿರೋ ಸೆಂಟರ್ ಪಿನ್ನಿನ ಅಂಚಿಂದ ಮೊದಲು ಬರೋದು ಮಣ್ಣುಬಣ್ಣದ ತೆಳು ಪಾಕ, ಆಮೇಲೆ ಕಪ್ಪು, ಕೊನೆಗೆ ಡಬ್ಬದಲ್ಲಿದ್ದ ಬಣ್ಣ. ಡಬ್ಬದ ಬಣ್ಣ ಕಂಡ ಮೇಲೆ ನಿಲ್ಲಿಸ್ತೀನಿ.

ಮೊದಲು ಎಂಜಿನ್ ಬಂದ್, ಕೀಲಿ ಜೇಬಿಗೆ, ರೋಟವೇಟರ್ ನೆಲಕ್ಕೆ. ಒಂದು ಬಟ್ಟೆ ನಿಪ್ಪಲ್ಲಿಗೆ, ಅದೇ ಬಟ್ಟೆಯ ಇನ್ನೊಂದು ಮಗ್ಗುಲು ಕಪ್ಲರಿಗೆ. ಒರೆಸದೆ ಹೊಡೆದರೆ ನಿಪ್ಪಲ್ ಮೇಲಿನ ಮಣ್ಣೇ ಮೊದಲು ಒಳಗೆ ಹೋಗೋದು.

ಮುಂದಿನ ಆಕ್ಸಲ್ಲಿನ ಸೆಂಟರ್ ಪಿನ್ನು, ಗಾಲಿಗಳು ಎಡಬಲಕ್ಕೆ ಹೊರಳೋಕೆ ಆಧಾರವಾದ ಎರಡು ಕಡೆಯ ಕಿಂಗ್ ಪಿನ್ನು, ಇವು ನಿಂತ ಟ್ರ್ಯಾಕ್ಟರಿನಲ್ಲಿ ಸರಿಯಾಗಿ ಗ್ರೀಸ್ ಕುಡಿಯಲ್ಲ. ಎಂಜಿನ್ನಿನ ಭಾರವೆಲ್ಲ ಅವುಗಳ ಮೇಲಿರುತ್ತೆ, ಭಾರ ಕೂತ ಮಗ್ಗುಲಲ್ಲಿ ಸಂದೇ ಇರಲ್ಲ, ಗ್ರೀಸ್ ಸುಲಭದ ದಾರಿ ಹಿಡಿದು ಇನ್ನೊಂದು ಮಗ್ಗುಲಿಂದ ಹೊರಗೆ ಬಂದುಬಿಡುತ್ತೆ. ಸವೆಯೋದು ಮಾತ್ರ ಭಾರ ಇರೋ ಮಗ್ಗುಲು. ಅದಕ್ಕೇ ವಾರಕ್ಕೊಮ್ಮೆಯಾದರೂ ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಆಕ್ಸಲ್ಲಿಗಲ್ಲ, ಮುಂದಿನ ಫ್ರೇಮಿಗೆ ಜಾಕ್ ಕೊಟ್ಟು, ಗಾಲಿಗಳು ತೂಗೋ ಹಾಗೆ ಎತ್ತಿ, ಅಡಿಗೆ ಗಟ್ಟಿ ಮರದ ದಿಮ್ಮಿ ಇಟ್ಟು ಹೊಡೀತೀನಿ. ಹೊಡೆಯುವಾಗ ಇನ್ನೊಬ್ಬರು ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸಿದರೆ ಗ್ರೀಸ್ ಸುತ್ತಲೂ ಹರಡುತ್ತೆ. ಸ್ಟಿಯರಿಂಗ್ ಭಾರ ಆಗಿದೆ ಅಂತ ಮೆಕ್ಯಾನಿಕ್ ಹತ್ತಿರ ಓಡುವವರು ಮೊದಲು ಇದೊಂದನ್ನು ಮಾಡಿ ನೋಡಬೇಕು.

ಟ್ರ್ಯಾಕ್ಟರಿನಿಂದ ರೋಟವೇಟರಿಗೆ ತಿರುಗೋ ಶಕ್ತಿ ಕೊಡೋ ಕಾರ್ಡನ್ ಶಾಫ್ಟಿನ ಕೀಲುಗಳಲ್ಲಿರೋ ಕ್ರಾಸ್‌ಗಳಿಗೆ ಕೆಲಸ ಇರೋ ದಿನವೆಲ್ಲ ಗ್ರೀಸ್ ಬೇಕು. ಒಂದು ಕ್ರಾಸಿಗೆ ನಾಲ್ಕು ಬಟ್ಟಲು, ನಾಲ್ಕರ ಅಂಚಿಂದಲೂ ಗ್ರೀಸ್ ಇಣುಕಬೇಕು. ಮೂರರಿಂದ ಬಂದು ಒಂದರಿಂದ ಬರದಿದ್ದರೆ ಶಾಫ್ಟನ್ನು ಸ್ವಲ್ಪ ತಿರುಗಿಸಿ, ಮಡಚಿ, ಮತ್ತೆ ಒತ್ತಿ. ಆ ಒಂದು ಒಣ ಬಟ್ಟಲೇ ಆಮೇಲೆ ಕೆಂಪು ಪುಡಿ ಉದುರಿಸಿ ಕ್ರಾಸ್ ಮುರಿಯೋದು. ಒಂದರೊಳಗೊಂದು ಜಾರೋ ಎರಡು ಕೊಳವೆಗಳನ್ನು ಬೇರೆ ಮಾಡಿ, ಒರೆಸಿ, ಕೈಯಲ್ಲೇ ಸವರಬೇಕು. ಅದು ಜಾರದಿದ್ದರೆ ರೋಟವೇಟರ್ ಎತ್ತಿದಾಗ ಒತ್ತಡವೆಲ್ಲ ಪಿಟಿಓ, ಅಂದರೆ ಟ್ರ್ಯಾಕ್ಟರಿನ ಹಿಂದೆ ತಿರುಗೋ ಶಾಫ್ಟಿನ, ಬೇರಿಂಗಿಗೆ ಬೀಳುತ್ತೆ. ಪಕ್ಕದ ಗೇರ್ ಬಾಕ್ಸಿನ ಎಣ್ಣೆ ಸೋರುತ್ತೆ ಅಂತ ಅದಕ್ಕೂ ಗ್ರೀಸ್ ತುಂಬುವವರಿದ್ದಾರೆ! ಹಲ್ಲುಗಳು ಒಂದು ಸಲ ತಿರುಗಿ ಗ್ರೀಸನ್ನು ಬದಿಗೆ ತಳ್ಳಿದರೆ ಅದು ಎಣ್ಣೆಯ ಹಾಗೆ ವಾಪಸ್ ಹರಿದು ಬರಲ್ಲ. ಸೀಲ್ ಬದಲಾಯಿಸಿ, ಎಣ್ಣೆಯೇ ಹಾಕಿ.

ಮುಂದಿನ ಚಕ್ರದ ನಡುವೆ ಬೇರಿಂಗ್ ಇರೋ ಹಬ್ಬಿಗೆ ಗನ್ ಸಾಲಲ್ಲ. ಕೆಸರಿನ ಕೆಲಸ ಮುಗಿದ ಮೇಲೆ ಬಿಚ್ಚಲೇಬೇಕು. ಒಳಗಿನ ಗ್ರೀಸ್ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿದೆ. ಬೇರಿಂಗನ್ನು ಡೀಸೆಲ್ಲಿನಲ್ಲಿ ತೊಳೆದು, ಒಣಗಿಸಿ, ಅಂಗೈಲಿ ಎಪಿ-3 ಇಟ್ಟು ರೋಲರುಗಳ ಸಂದಿಗೆ ಒತ್ತಿ ತುಂಬಿ, ಹೊಸ ಸೀಲ್ ಹಾಕಬೇಕು. ಕ್ಲಚ್ ಮತ್ತು ಬ್ರೇಕ್ ಪೆಡಲ್ಲಿನ ಶಾಫ್ಟಿಗೆ ಮಾತ್ರ ಕೈ ಹಿಡಿದು ಹೊಡೀರಿ. ಒಣ ಬ್ರೇಕಿನ ಹಳೇ ಟ್ರ್ಯಾಕ್ಟರುಗಳಲ್ಲಿ ಹೆಚ್ಚಾದ ಗ್ರೀಸ್ ಲೈನಿಂಗಿಗೆ ಹೋದರೆ ಬ್ರೇಕ್ ಹಿಡಿಯಲ್ಲ.

ಲಿವರ್ ಕಲ್ಲಾದರೆ ನಿಪ್ಪಲ್ ಕಟ್ಟಿದೆ ಅಂತ. ತಂತಿಯ ತುದಿಯಿಂದ ಗುಂಡನ್ನು ಒತ್ತಿ ನೋಡಿ, ಸರಿದರೆ ಎರಡು ಹನಿ ಡೀಸೆಲ್ ಬಿಟ್ಟು ಮತ್ತೆ ಪ್ರಯತ್ನಿಸಿ. ಆಗಲಿಲ್ಲವೋ, ಬಿಚ್ಚಿ ಹೊಸದು ಹಾಕಿ. ಎಂ8 ನಿಪ್ಪಲ್ಲಿಗೆ ಒಂಬತ್ತರ ಸ್ಪ್ಯಾನರ್, ಎಂ10ಕ್ಕೆ ಹನ್ನೊಂದರದು. ಬಿಚ್ಚಿದಾಗ ರಂಧ್ರದ ಒಳಗೂ ಕಟ್ಟಿದೆಯಾ ನೋಡಿಕೊಳ್ಳಿ, ಎಷ್ಟೋ ಸಲ ನಿಪ್ಪಲ್ ಚೆನ್ನಾಗೇ ಇರುತ್ತೆ, ಒಣಗಿದ ಗ್ರೀಸ್ ದಾರಿಯಲ್ಲಿ ಗಟ್ಟಿಯಾಗಿರುತ್ತೆ. ನೇರ, 45 ಡಿಗ್ರಿ, 90 ಡಿಗ್ರಿ, ಮೂರೂ ಥರದ್ದು ಟೂಲ್ ಬಾಕ್ಸಲ್ಲಿ ಇರಲಿ. ಕೈ ಹೋಗದ ಮೂಲೆಯ ನೇರ ನಿಪ್ಪಲ್ ತೆಗೆದು ಓರೆಯದು ಹಾಕಿದರೆ ಗನ್ ಬದಲಾಯಿಸೋ ಖರ್ಚು ಉಳಿಯುತ್ತೆ.

ಕಟ್ಟಿದ ನಿಪ್ಪಲ್ಲಿಗೆ ಮೈಯೆಲ್ಲ ಭಾರ ಹಾಕಿ ಲಿವರ್ ಒತ್ತೋದು ಮಾತ್ರ ಬೇಡ. ಹೋಸಿಗೆ ಕಂಜೂಸಿ ಮಾಡಲ್ಲ ಅಂದದ್ದು ಇದಕ್ಕೇ. ಸವೆದ ಹೋಸಿನಲ್ಲಿ ಸೂಜಿಮೊನೆಯಷ್ಟು ತೂತಾದರೂ ಸಾಕು, ಅಷ್ಟು ಒತ್ತಡದ ಗ್ರೀಸ್ ಚರ್ಮ ತೂರಿ ಬೆರಳೊಳಗೆ ಹೋಗುತ್ತೆ. ಎಲ್ಲಿ ಸೋರುತ್ತೆ ಅಂತ ಬೆರಳಿಟ್ಟು ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಒಳಗೆ ಹೋದರೆ ಹೊರಗೆ ಕಾಣೋದು ಸಣ್ಣ ಚುಕ್ಕೆ, ಮೊದಮೊದಲು ನೋವೂ ಅಷ್ಟಿರಲ್ಲ. ಅರಿಶಿನ ಹಚ್ಚಿ ನಾಳೆ ನೋಡೋಣ ಅನ್ನಬೇಡಿ. ಅದು ಬೆರಳನ್ನೇ ಕಳೆಯೋ ಗಾಯ, ಆಪರೇಷನ್ ಮಾಡಿ ಗ್ರೀಸ್ ತೆಗೀಬೇಕಾಗುತ್ತೆ. ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ, ‘ಚುಚ್ಚಿದೆ’ ಅಂತಷ್ಟೇ ಅಲ್ಲ, ಒತ್ತಡದಲ್ಲಿ ಗ್ರೀಸ್ ಒಳಗೆ ಹೋಗಿದೆ ಅಂತ ಬಿಡಿಸಿ ಹೇಳಿ, ಡಬ್ಬದ ಫೋಟೋವನ್ನೂ ತೋರಿಸಿ.