ಎರಡು ಲಕ್ಷದ ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಎಂಬತ್ತು ಸಾವಿರದ್ದನ್ನು ಏಕೆ ಕೊಂಡೆ

ಕಟ್ಟಡ ಏಳುವ ಮೊದಲೇ ಅದರ ಚಿತ್ರ ಮತ್ತು ವಿಡಿಯೊ ಮಾಡಿಕೊಡುವುದು ನನ್ನ ಕಸುಬು. ಚಿಕ್ಕಮಗಳೂರಿನಲ್ಲಿ ಕುಳಿತು ಮಾಡುವ ಕೆಲಸವಾದ್ದರಿಂದ ಬರುವುದೆಲ್ಲ ಹೆಚ್ಚಾಗಿ ತೋಟದ ಮನೆಗಳು, ಹೋಮ್‌ಸ್ಟೇಗಳು. ಆರ್ಕಿಟೆಕ್ಟ್ ನಕ್ಷೆ ಕಳುಹಿಸುತ್ತಾರೆ. ನಾನು ಬ್ಲೆಂಡರ್ ತಂತ್ರಾಂಶದಲ್ಲಿ ಗೋಡೆ ಎಬ್ಬಿಸಿ, ಮಂಗಳೂರು ಹೆಂಚು ಹೊದಿಸಿ, ಸುತ್ತ ಕಾಫಿ ಗಿಡ, ಸಿಲ್ವರ್ ಓಕ್, ಮೆಣಸಿನ ಬಳ್ಳಿ ಬೆಳೆಸಿ ರೆಂಡರ್ ಮಾಡುತ್ತೇನೆ. ಬೆಳಕನ್ನು ಲೆಕ್ಕ ಹಾಕಿ ಚಿತ್ರವಾಗಿಸುವ ಆ ಕೊನೆಯ ಹಂತ ಪೂರ್ತಿ ಗ್ರಾಫಿಕ್ಸ್ ಕಾರ್ಡಿನ ದುಡಿಮೆ. 2021ರಲ್ಲಿ ಮಾರುಕಟ್ಟೆಗೆ ಬಂದ ಆರ್‌ಟಿಎಕ್ಸ್ 3060, 12 ಜಿಬಿ ಮೆಮೊರಿಯ ಕಾರ್ಡ್, ನನ್ನ ಬಳಿ ಬಹುಕಾಲ ದುಡಿದಿದೆ. ಅದರ ಜಾಗಕ್ಕೆ ಹೊಸದನ್ನು ತರುವಾಗ ಆರ್‌ಟಿಎಕ್ಸ್ 5090 ಕೊಳ್ಳುವುದೋ ಬೇಡವೋ ಎಂದು ಕೂಲಂಕಷವಾಗಿ ಲೆಕ್ಕ ಹಾಕಿದೆ. ನನ್ನ ಕೆಲಸಕ್ಕೆ ಅದು ಬೆಲೆಗೆ ತಕ್ಕದ್ದಲ್ಲ ಎಂಬ ತೀರ್ಮಾನಕ್ಕೆ ಬಂದು 5070 ಟಿಐ ಕೊಂಡೆ. ಇದೇ ಕಸುಬಿನಲ್ಲಿರುವ ಹಲವರು ನನ್ನನ್ನು ಕೇಳುತ್ತಲೇ ಇರುವುದರಿಂದ ಆ ಲೆಕ್ಕವನ್ನು ಬರೆದಿಡುತ್ತಿದ್ದೇನೆ.

ಈ ಕಾರ್ಡುಗಳನ್ನು ರೂಪಿಸುವ ಕಂಪನಿ ಎನ್‌ವಿಡಿಯಾ 5090, 5070 ಟಿಐ ಇರುವ ಈ ಸರಣಿಯನ್ನು ಸಮಾರಂಭವೊಂದರಲ್ಲಿ ಪ್ರಕಟಿಸಿದ್ದು 2025ರ ಜನವರಿಯಲ್ಲಿ. ಭಾರತದಲ್ಲಿ 5090ರ ಆರಂಭಿಕ ಬೆಲೆ 2,14,000 ರೂಪಾಯಿ, 5080ಕ್ಕೆ 1,07,000, 5070 ಟಿಐಗೆ 80,000 ಇತ್ತು. ಮೊದಲ ತಿಂಗಳುಗಳಲ್ಲಿ 5090 ಆ ಬೆಲೆಗೆ ಅಂಗಡಿಯಲ್ಲಿ ಸಿಗುವುದೇ ಅಪರೂಪವಾಗಿತ್ತು. ಅದೇ ಸಮಾರಂಭದಲ್ಲಿ ಕಂಪನಿಯ ಮುಖ್ಯಸ್ಥ ಜೆನ್ಸೆನ್ ಹುವಾಂಗ್, 549 ಡಾಲರಿನ 5070 ಕಾರ್ಡು ಹಿಂದಿನ ಸರಣಿಯ 4090ರ ಸಾಮರ್ಥ್ಯ ಕೊಡುತ್ತದೆ ಎಂದಿದ್ದರು. ಆ ಮಾತನ್ನು ನಮ್ಮಂಥವರು ನೆಚ್ಚಿಕೊಳ್ಳಬಾರದು. ಆಟಗಳಲ್ಲಿ ಕಾರ್ಡು ನಿಜವಾಗಿ ಬಿಡಿಸಿದ ಒಂದು ಫ್ರೇಮಿನ ಜೊತೆಗೆ ಇನ್ನೂ ಮೂರರವರೆಗೆ ಫ್ರೇಮುಗಳನ್ನು ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿ ಸೇರಿಸುವ ತಂತ್ರವನ್ನು ನಂಬಿ ಹೇಳಿದ ಮಾತು ಅದು. ಬ್ಲೆಂಡರ್‌ನ ಸೈಕಲ್ಸ್ ರೆಂಡರರ್‌ನಲ್ಲಿ ಒಂದೊಂದು ಫ್ರೇಮನ್ನೂ ಕಾರ್ಡು ತಾನೇ ಲೆಕ್ಕ ಹಾಕಬೇಕು. ಅಲ್ಲಿ ನೆರವಿಗೆ ಬರುವುದು ಕೋರ್‌ಗಳ, ಅಂದರೆ ಲೆಕ್ಕ ಹಾಕುವ ಪುಟ್ಟ ಘಟಕಗಳ, ಸಂಖ್ಯೆ ಮತ್ತು ಮೆಮೊರಿ. 4090ರಲ್ಲಿ ಇಂಥ 16,384 ಕೋರ್‌ಗಳಿದ್ದರೆ 5070ರಲ್ಲಿರುವುದು 6,144.

ಹೊಸ ಕಾರ್ಡಿನ ಬೆಲೆ ವಿಚಾರಿಸುವ ಮೊದಲು ಹಳೆಯದರಿಂದ ಎಷ್ಟು ಕೆಲಸ ತೆಗೆಯಬಹುದು ಎಂದು ನೋಡಿದೆ. ಒಂದೊಂದು ಪಿಕ್ಸೆಲ್ಲಿನ ಬೆಳಕನ್ನು ಎಷ್ಟು ಬಾರಿ ಲೆಕ್ಕ ಹಾಕಬೇಕು ಎಂಬುದಕ್ಕೆ ಸೈಕಲ್ಸ್ ತಾನಾಗಿ ಇಟ್ಟುಕೊಳ್ಳುವ ಸ್ಯಾಂಪಲ್ ಮಿತಿ 4,096. ನನ್ನ ಹೊರಾಂಗಣ ದೃಶ್ಯಗಳಿಗೆ ಅದರ ಹತ್ತನೇ ಒಂದು ಪಾಲಿಗಿಂತ ಕಡಿಮೆ ಸಾಕು, ಚಿತ್ರದಲ್ಲಿ ಉಳಿದ ಕಾಳುಕಾಳನ್ನು ಡಿನಾಯ್ಸರ್ ಎಂಬ ಸೌಲಭ್ಯ ತೆಗೆಯುತ್ತದೆ. ವಿಡಿಯೊದಲ್ಲಿ ಮಾತ್ರ ಮಿತಿಯನ್ನು ಬಹಳ ಇಳಿಸಿದರೆ ಎಲೆಗಳ ಮೇಲೆ ಮಿಣುಕು ಕಾಣಿಸಿಕೊಳ್ಳುತ್ತದೆ, ಆದ್ದರಿಂದ ಅಲ್ಲಿ ಜಿಪುಣತನ ಮಾಡುವುದಿಲ್ಲ.

ನನ್ನ ನಿಜವಾದ ತೊಡಕು ಇದ್ದದ್ದು ಮೆಮೊರಿಯಲ್ಲಿ. ಮಲೆನಾಡಿನ ಮನೆಯ ಚಿತ್ರದಲ್ಲಿ ಮನೆಗಿಂತ ಗಿಡಮರಗಳದ್ದೇ ಭಾರ ಹೆಚ್ಚು. ಅಗಲ ಎತ್ತರ ಎರಡೂ 4,096 ಪಿಕ್ಸೆಲ್ ಇರುವ ಒಂದು ಬಣ್ಣದ ಟೆಕ್ಸ್‌ಚರ್, ಅಂದರೆ ವಸ್ತುವಿನ ಮೇಲ್ಮೈಗೆ ಹೊದಿಸುವ ಚಿತ್ರ, ಕಾರ್ಡಿನ ಮೆಮೊರಿಯಲ್ಲಿ 64 ಎಂಬಿ ಹಿಡಿಯುತ್ತದೆ. ಡಿಸ್ಕ್‌ನಲ್ಲಿ ಆ ಫೈಲು ಎಷ್ಟೇ ಚಿಕ್ಕದಾಗಿರಲಿ, ಸೈಕಲ್ಸ್ ಅದನ್ನು ಬಿಡಿಸಿಯೇ ಇಟ್ಟುಕೊಳ್ಳುತ್ತದೆ. ಎಲೆಯ ಬಣ್ಣ, ಹೊಳಪು, ಉಬ್ಬುತಗ್ಗು, ಅಂಚಿನ ಪಾರದರ್ಶಕತೆ ಎಂದು ಒಂದೊಂದು ಗಿಡಕ್ಕೆ ಮೂರು ನಾಲ್ಕು ಟೆಕ್ಸ್‌ಚರ್ ಬೇಕು. ಅದರ ಜೊತೆಗೆ ತೊಗಟೆ. ಹತ್ತಿಪ್ಪತ್ತು ಜಾತಿಯ ಗಿಡ ನೆಟ್ಟರೆ 12 ಜಿಬಿ ತುಂಬುವುದಕ್ಕೆ ಹೊತ್ತು ಹಿಡಿಯುವುದಿಲ್ಲ. ತುಂಬಿದಾಗ ಒಂದೋ ರೆಂಡರ್ ನಿಂತುಹೋಗುತ್ತದೆ, ಇಲ್ಲವೇ ಕಂಪ್ಯೂಟರಿನ ಸಾಮಾನ್ಯ ಮೆಮೊರಿಯನ್ನು ಎರವಲು ಪಡೆದು ತೆವಳತೊಡಗುತ್ತದೆ.

ಇದಕ್ಕೆ ಹಣ ಖರ್ಚಿಲ್ಲದ ಮದ್ದು ಬಹಳಷ್ಟಿದೆ. ಕ್ಯಾಮೆರಾದಿಂದ ಮೂವತ್ತು ಅಡಿ ಆಚೆಗಿನ ಮರಕ್ಕೆ 2,048 ಪಿಕ್ಸೆಲ್ಲಿನ ಟೆಕ್ಸ್‌ಚರ್ ಧಾರಾಳವಾಯಿತು, ಮೆಮೊರಿ ಕಾಲು ಭಾಗಕ್ಕೆ ಇಳಿಯುತ್ತದೆ. ಬ್ಲೆಂಡರ್‌ನ ಸಿಂಪ್ಲಿಫೈ ವಿಭಾಗದಲ್ಲಿ ಇಡೀ ದೃಶ್ಯಕ್ಕೆ ಒಂದೇ ಮಿತಿ ಹಾಕುವ ಅವಕಾಶವೂ ಇದೆ. ಅದಕ್ಕಿಂತ ಮುಖ್ಯವಾದದ್ದು ಇನ್‌ಸ್ಟೆನ್ಸ್ ಬಳಸುವುದು. ಸಾವಿರ ಕಾಫಿ ಗಿಡಗಳನ್ನು ಪ್ರತ್ಯೇಕ ನಕಲುಗಳಾಗಿ ಮಾಡದೆ, ನಾಲ್ಕೈದು ಗಿಡಗಳನ್ನೇ ತಿರುಗಿಸಿ, ಗಾತ್ರ ಬದಲಿಸಿ ಸಾವಿರ ಕಡೆ ತೋರಿಸಿದರೆ ಕಾರ್ಡಿನಲ್ಲಿ ಉಳಿಯುವುದು ಆ ನಾಲ್ಕೈದರ ಭಾರವೇ. ಇಷ್ಟನ್ನೆಲ್ಲ ಮಾಡಿದ ಮೇಲೆ ರೆಂಡರ್ ಕಿಟಕಿಯಲ್ಲಿ ಬ್ಲೆಂಡರ್ ತೋರಿಸುವ ಗರಿಷ್ಠ ಮೆಮೊರಿಯ ಅಂಕಿಯನ್ನು ಪ್ರತಿ ಕೆಲಸಕ್ಕೂ ಗುರುತು ಹಾಕಿಕೊಂಡೆ. ದೊಡ್ಡ ದೃಶ್ಯಗಳು 12 ಜಿಬಿಯ ಅಂಚಿಗೆ ಬಂದು ನಿಲ್ಲುತ್ತಿದ್ದವು, ಕೆಲವು ದಾಟುತ್ತಿದ್ದವು. 16 ಜಿಬಿ ಇದ್ದರೆ ನಿರಾಳ. 5090ರ 32 ಜಿಬಿಯನ್ನು ತುಂಬುವಂಥ ಒಂದು ಕೆಲಸವೂ ಆ ಪಟ್ಟಿಯಲ್ಲಿರಲಿಲ್ಲ.

ಇನ್ನು ವೇಗ. ಗಂಟೆಯ ಲೆಕ್ಕದಲ್ಲಿ 5090 ಇರುವ ಯಂತ್ರವನ್ನು ಬಾಡಿಗೆಗೆ ಕೊಡುವ ಕ್ಲೌಡ್ ಸೇವೆಗಳಿವೆ. ನನ್ನದೇ ಫೈಲನ್ನು ಅಲ್ಲಿಗೆ ಏರಿಸಿ, ಅದೇ ಫ್ರೇಮುಗಳನ್ನು ರೆಂಡರ್ ಮಾಡಿ ನೋಡಿದೆ. ಕೊಳ್ಳುವ ಮುನ್ನ ಯಾರೇ ಆಗಲಿ ಇದೊಂದನ್ನು ಮಾಡಲೇಬೇಕೆಂದು ಒತ್ತಿ ಹೇಳುತ್ತೇನೆ, ಬೇರೆಯವರ ದೃಶ್ಯದ ಮೇಲೆ ನಡೆದ ಪರೀಕ್ಷೆ ನಮ್ಮ ದೃಶ್ಯಕ್ಕೆ ಹೊಂದದೇ ಇರಬಹುದು. 5070 ಟಿಐ ಬಗ್ಗೆ ಬೇರೆ ಬೇರೆ ಕಾರ್ಡುಗಳ ವೇಗ ಪರೀಕ್ಷೆಯ ಫಲಿತಾಂಶ ಸಿಗುವ ಬ್ಲೆಂಡರ್ ಓಪನ್ ಡೇಟಾ ತಾಣದ ಅಂಕಗಳನ್ನು ಹೋಲಿಸಿ ಅಂದಾಜು ಮಾಡಿದೆ. ಕೊಂಡ ಮೇಲೆ ಆ ಅಂದಾಜು ಸರಿಬಂತು. 3060ರಲ್ಲಿ ಸುಮಾರು ನಾಲ್ಕು ನಿಮಿಷ ಹಿಡಿಯುತ್ತಿದ್ದ ಫ್ರೇಮು 5070 ಟಿಐಯಲ್ಲಿ ಒಂದೂಕಾಲು ನಿಮಿಷಕ್ಕೆ, 5090ರಲ್ಲಿ ನಲವತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ.

5090 ದುಪ್ಪಟ್ಟು ವೇಗದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಈ ವೇಗ ನನ್ನ ದಿನಚರಿಯಲ್ಲಿ ಎಲ್ಲಿ ಬಂದು ಕೂರುತ್ತದೆ ಎಂದು ನೋಡಿದಾಗ ಚಿತ್ರ ಬದಲಾಯಿತು. ಮೂವತ್ತು ಸೆಕೆಂಡಿನ ವಿಡಿಯೊಗೆ, ಸೆಕೆಂಡಿಗೆ 25ರಂತೆ, 750 ಫ್ರೇಮು ಬೇಕು. ಹಳೆಯ ಕಾರ್ಡಿನಲ್ಲಿ ಅದು 50 ಗಂಟೆಯ ಕೆಲಸ. 5070 ಟಿಐಯಲ್ಲಿ ಹದಿನೈದೂವರೆ ಗಂಟೆ, 5090ರಲ್ಲಿ ಎಂಟೂಕಾಲು. ಸಂಜೆ ಆರಕ್ಕೆ ಶುರು ಮಾಡಿದರೆ ಒಂದು ಬೆಳಿಗ್ಗೆ ಒಂಬತ್ತೂವರೆಗೆ ಮುಗಿಯುತ್ತದೆ, ಇನ್ನೊಂದು ನಡುರಾತ್ರಿ ದಾಟಿ ಎರಡೂಕಾಲಕ್ಕೆ. ಆರ್ಕಿಟೆಕ್ಟ್ ಕಚೇರಿಯ ಬಾಗಿಲು ತೆರೆಯುವುದು ಹತ್ತಕ್ಕೆ. ರಾತ್ರಿ ಉಳಿದ ಆ ಏಳು ಗಂಟೆಗಳಿಗೆ ಯಾರೂ ನನಗೆ ಹಣ ಕೊಡುವುದಿಲ್ಲ. ಎರಡು ಎಕರೆ ತೋಟಕ್ಕೆ ದೊಡ್ಡ ಎಸ್ಟೇಟಿನ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ತಂದು ಹಾಕಿದಂತಾಗುತ್ತಿತ್ತು.

ಕರೆಂಟಿನ ವಿಷಯದಲ್ಲಿ ಬಹಳ ಜನ ತಪ್ಪು ತಿಳಿದಿರುತ್ತಾರೆ. 5090 ಗರಿಷ್ಠ 575 ವಾಟ್ ಎಳೆಯುತ್ತದೆ, 5070 ಟಿಐ 300 ವಾಟ್. ಆದರೆ ದೊಡ್ಡ ಕಾರ್ಡು ಅರ್ಧ ಹೊತ್ತಿನಲ್ಲೇ ಕೆಲಸ ಮುಗಿಸುವುದರಿಂದ ಮೇಲೆ ಹೇಳಿದ ವಿಡಿಯೊಗೆ ಕಾರ್ಡು ತಿನ್ನುವುದು ಎರಡರಲ್ಲೂ ಐದು ಯೂನಿಟ್ಟಿಗಿಂತ ಸ್ವಲ್ಪ ಕಡಿಮೆಯೇ. 170 ವಾಟಿನ 3060 ಎಂಟೂವರೆ ಯೂನಿಟ್ ತಿನ್ನುತ್ತಿತ್ತು! ಹಾಗಾಗಿ ವ್ಯತ್ಯಾಸ ಬೀಳುವುದು ಬಿಲ್ಲಿನಲ್ಲಲ್ಲ, ಯುಪಿಎಸ್‌ನಲ್ಲಿ. ಮಳೆಗಾಲದಲ್ಲಿ ನಮ್ಮ ಕಡೆ ಗಾಳಿಗೆ ಕೊಂಬೆ ಮುರಿದು ತಂತಿಯ ಮೇಲೆ ಬೀಳುವುದು, ಕರೆಂಟು ಹೋಗಿ ಬಂದು ಮಾಡುವುದು ಎಲ್ಲರಿಗೂ ಗೊತ್ತಿರುವುದೇ. 5070 ಟಿಐ ಇರುವ ನನ್ನ ಯಂತ್ರ ಒಟ್ಟು 500 ವಾಟಿನ ಸುತ್ತ ನಿಲ್ಲುತ್ತದೆ. 600 ವಾಟಿನ ಯುಪಿಎಸ್ ಅದನ್ನು ಕೆಲವು ನಿಮಿಷ ಆರದಂತೆ ನಡೆಸುತ್ತದೆ, ಅಷ್ಟರಲ್ಲಿ ಯಂತ್ರವನ್ನು ಕ್ರಮವಾಗಿ ಆರಿಸಬಹುದು. 5090 ಹಾಕಿದರೆ 800 ವಾಟ್ ತಲುಪುತ್ತದೆ. ಕಂಪನಿಯೇ 1,000 ವಾಟಿನ ಪವರ್ ಸಪ್ಲೈ ಇರಲಿ ಎನ್ನುತ್ತದೆ. ಅದಕ್ಕೆ ತಕ್ಕ ಯುಪಿಎಸ್, ಅದೂ ಶುದ್ಧ ಸೈನ್‌ವೇವ್, ಅಂದರೆ ಲೈನಿನ ಕರೆಂಟಿನಂಥದ್ದೇ ನಯವಾದ ಅಲೆ, ಕೊಡುವಂಥದ್ದು, ಸೇರಿದರೆ ಕಾರ್ಡಿನ ಬೆಲೆಯ ಮೇಲೆ ಇನ್ನೊಂದು ದೊಡ್ಡ ಖರ್ಚು.

ಕರೆಂಟು ಹೋಗುವ ಊರಿನಲ್ಲಿ ರೆಂಡರ್ ಮಾಡುವವರಿಗೆ ಇನ್ನೊಂದು ಮಾತು. ನೇರವಾಗಿ ವಿಡಿಯೊ ಫೈಲಾಗಿ ಬರೆಸಬೇಡಿ. ಒಂದೊಂದು ಫ್ರೇಮನ್ನೂ ಬಿಡಿ ಚಿತ್ರವಾಗಿ ಉಳಿಸಿ, ಇರುವ ಫೈಲಿನ ಮೇಲೆ ಮತ್ತೆ ಬರೆಯುವ ಆಯ್ಕೆಯನ್ನು ತೆಗೆದುಹಾಕಿ. ಕರೆಂಟು ಬಂದ ಮೇಲೆ ಮತ್ತೆ ರೆಂಡರ್ ಶುರು ಮಾಡಿದರೆ ಬ್ಲೆಂಡರ್ ಮುಗಿದ ಫ್ರೇಮುಗಳನ್ನು ದಾಟಿ ನಿಂತಲ್ಲಿಂದ ಮುಂದುವರಿಯುತ್ತದೆ.

ಹಾಗಾದರೆ 80,000 ರೂಪಾಯಿ ನನಗೆ ಎಲ್ಲಿ ದಕ್ಕಿತು? ಹಗಲಿನಲ್ಲಿ. ಮನೆ ಕಟ್ಟಿಸುವವರು ಪಕ್ಕದಲ್ಲಿ ಬಂದು ಕೂರುತ್ತಾರೆ. "ಈ ಜಗಲಿ ಇನ್ನೆರಡು ಅಡಿ ಮುಂದೆ ಬರಲಿ, ನೆಲಕ್ಕೆ ಕೆಂಪು ರೆಡ್ ಆಕ್ಸೈಡ್ ಹಾಕಿ ತೋರಿಸಿ" ಎನ್ನುತ್ತಾರೆ. ಹಳೆಯ ಕಾರ್ಡಿನಲ್ಲಿ ಪ್ರತಿ ಬದಲಾವಣೆಗೂ ಪರದೆಯ ಮೇಲಿನ ಕಾಳುಕಾಳು ತಿಳಿಯಾಗುವವರೆಗೆ ಅವರನ್ನು ಕಾಯಿಸಬೇಕಿತ್ತು. ನಾನು "ಸ್ವಲ್ಪ ಇರಿ ಸರ್, ಈಗ ಬರುತ್ತದೆ" ಎನ್ನುವಷ್ಟರಲ್ಲಿ ಅವರ ಗಮನ ಮೊಬೈಲಿಗೆ ಹೋಗಿರುತ್ತಿತ್ತು. ಈಗ ಮಾತು ಮುಗಿಯುವುದರೊಳಗೆ ಜಗಲಿಯ ಮೇಲೆ ಸಂಜೆಯ ಬಿಸಿಲು ಬಿದ್ದಿರುತ್ತದೆ. ಹಿಂದೆ ಹಲವು ಸುತ್ತು ಓಡಾಡಿ ಆಗುತ್ತಿದ್ದ ತೀರ್ಮಾನ ಎಷ್ಟೋ ಬಾರಿ ಒಂದೇ ಕೂಟದಲ್ಲಿ ಮುಗಿಯುತ್ತದೆ. ಮಲ್ಲಂದೂರು, ಆಲ್ದೂರಿನ ಆಚೆಯ ತೋಟಗಳಿಂದ ಕೆಲಸ ಬಿಟ್ಟು ಬರುವವರಿಗೆ ಅದು ಸಣ್ಣ ಉಪಕಾರವಲ್ಲ. ಈ ಹಂತದಲ್ಲೂ 5090 ಇನ್ನಷ್ಟು ಚುರುಕು, ಆದರೆ ಎರಡು ಸೆಕೆಂಡು ಒಂದು ಸೆಕೆಂಡಾಗುವುದಕ್ಕೆ 1,34,000 ರೂಪಾಯಿ ಹೆಚ್ಚು ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ.

5080ರ ಬಗ್ಗೆ ಹೆಚ್ಚು ಹೇಳುವುದಿಲ್ಲ. 5070 ಟಿಐಗಿಂತ ಆರಂಭಿಕ ಬೆಲೆ ಮೂರನೇ ಒಂದು ಭಾಗದಷ್ಟು ಹೆಚ್ಚು, ವೇಗ ಸುಮಾರು ಐದನೇ ಒಂದು ಭಾಗದಷ್ಟು ಹೆಚ್ಚು, ಮೆಮೊರಿ ಅದೇ 16 ಜಿಬಿ. ನನ್ನ ಪ್ರಕಾರ ಈ ಸರಣಿಯಲ್ಲಿ ಬೆಲೆಗೆ ಅತ್ಯಂತ ಕಡಿಮೆ ನ್ಯಾಯ ಸಲ್ಲಿಸುವ ಕಾರ್ಡು ಅದು.

ಬೆಲೆಯ ಲೆಕ್ಕದಲ್ಲಿ ತೆರಿಗೆಯನ್ನೂ ಸೇರಿಸಿಕೊಳ್ಳಬೇಕು. ಗ್ರಾಫಿಕ್ಸ್ ಕಾರ್ಡಿನ ಮೇಲೆ ಶೇ 18 ಜಿಎಸ್‌ಟಿ ಇದೆ. ತೆರಿಗೆ ಸೇರಿ 80,000 ರೂಪಾಯಿಯ ಬಿಲ್ಲಿನಲ್ಲಿ ಅದು 12,200 ರೂಪಾಯಿಯಷ್ಟಾಗುತ್ತದೆ. ನೋಂದಣಿ ಇರುವವರು ತಮ್ಮ ಜಿಎಸ್‌ಟಿ ಸಂಖ್ಯೆಯಲ್ಲಿ ಬಿಲ್ ಪಡೆದರೆ ಅದನ್ನು ಹೂಡುವಳಿ ತೆರಿಗೆಯಾಗಿ ತಾವು ಕಟ್ಟಬೇಕಾದ ಜಿಎಸ್‌ಟಿಯಿಂದ ವಜಾ ಮಾಡಿಕೊಳ್ಳಬಹುದು. ಲೆಕ್ಕಪತ್ರ ಇಡುವವರಿಗೆ ಆದಾಯ ತೆರಿಗೆಯಲ್ಲಿ ಕಂಪ್ಯೂಟರಿನ ಮೇಲೆ ಶೇ 40ರ ಸವಕಳಿಯೂ ಸಿಗುತ್ತದೆ. ಬಿಲ್ಲಿಲ್ಲದೆ ಎರಡು ಮೂರು ಸಾವಿರ ಕಡಿಮೆಗೆ ಕೊಡುತ್ತೇವೆ ಎನ್ನುವವರ ಬಳಿ ಹೋಗಬೇಡಿ, ವಾರಂಟಿಯೂ ಅದೇ ಬಿಲ್ಲಿನ ಮೇಲೆ ನಿಂತಿರುತ್ತದೆ. ಕಾರ್ಡು ಕೆಟ್ಟರೆ ಇಲ್ಲಿಂದ ಬೆಂಗಳೂರಿಗೆ ಕಳುಹಿಸಿ ಕಾಯಬೇಕು. ಅದಕ್ಕಾಗಿಯೇ ನಾನು 3060 ಮಾರಲಿಲ್ಲ.

ಕಾರ್ಡು ಕೈಗೆ ಬಂದ ದಿನ ಎರಡು ವಿಷಯ ಪರೀಕ್ಷಿಸಿದೆ. ಈ ಸರಣಿಯ ಹದಿನಾರು ಪಿನ್ನಿನ ಪವರ್ ಕನೆಕ್ಟರ್ ಪೂರ್ತಿ ಒಳಗೆ ಕೂರದಿದ್ದರೆ ಬಿಸಿಯೇರಿ ಕರಗುವ ಅಪಾಯವಿದೆ. ಅಂಚಿನಲ್ಲಿ ಸಂದು ಕಾಣದಂತೆ ಒತ್ತಿ, ತಂತಿಯನ್ನು ಬುಡದಲ್ಲೇ ಬಗ್ಗಿಸದೆ ಜೋಡಿಸಿದೆ. ಎರಡನೆಯದು, ಆರಂಭದಲ್ಲಿ ತಯಾರಾದ ಕೆಲವು ಕಾರ್ಡುಗಳಲ್ಲಿ, ಪಿಕ್ಸೆಲ್ಲುಗಳಿಗೆ ಅಂತಿಮ ರೂಪ ಕೊಡುವ ಆರ್‌ಒಪಿ ಘಟಕಗಳು ಕಡಿಮೆ ಇದ್ದದ್ದನ್ನು ಎನ್‌ವಿಡಿಯಾ 2025ರ ಫೆಬ್ರವರಿಯಲ್ಲಿ ಒಪ್ಪಿಕೊಂಡಿತ್ತು. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶದಲ್ಲಿ 5070 ಟಿಐಗೆ 96, 5080ಕ್ಕೆ 112, 5090ಕ್ಕೆ 176 ಎಂದು ಕಾಣಬೇಕು. ನನ್ನದು 96 ತೋರಿಸಿತು.

ಕೃತಕ ಬುದ್ಧಿಮತ್ತೆಯ ದೊಡ್ಡ ಭಾಷಾ ಮಾದರಿಗಳನ್ನೋ ವಿಡಿಯೊ ಸೃಷ್ಟಿಸುವ ಮಾದರಿಗಳನ್ನೋ ತಮ್ಮದೇ ಯಂತ್ರದಲ್ಲಿ ಓಡಿಸುವವರಿಗೆ ನನ್ನ ಲೆಕ್ಕ ಅನ್ವಯಿಸುವುದಿಲ್ಲ. 20 ಜಿಬಿ ಮೀರಿದ ಮಾದರಿ 16 ಜಿಬಿಯ ಕಾರ್ಡಿನಲ್ಲಿ ಹಿಡಿಸುವುದೇ ಇಲ್ಲವಾದ್ದರಿಂದ ಅವರಿಗೆ 5090 ಬೆಲೆಗೆ ತಕ್ಕ ಕಾರ್ಡೇ. ಹಗಲೂ ರಾತ್ರಿ ರೆಂಡರ್ ಸಾಲಿನಲ್ಲಿ ಕೆಲಸ ಕಾದಿರುವ ಸ್ಟುಡಿಯೊಗೂ ಹಾಗೆಯೇ, ಅಲ್ಲಿ ಉಳಿದ ಏಳು ಗಂಟೆಯಲ್ಲಿ ಮುಂದಿನ ಗಿರಾಕಿಯ ಕೆಲಸ ಓಡುತ್ತದೆ. ನಾನು ಉಳಿದ ಹಣದ ಒಂದು ಪಾಲಿನಲ್ಲಿ ಯಂತ್ರದ ಮೆಮೊರಿಯನ್ನು 32 ಜಿಬಿಯಿಂದ 64ಕ್ಕೆ ಏರಿಸಿ, ಬಣ್ಣ ನಿಖರವಾಗಿ ತೋರಿಸುವ ಮಾನಿಟರ್ ಕೊಂಡೆ. ಗರಿಷ್ಠ ಮೆಮೊರಿಯ ಪಟ್ಟಿಯನ್ನು ಈಗಲೂ ಬರೆಯುತ್ತಿದ್ದೇನೆ. ಅದರಲ್ಲಿ 15 ಜಿಬಿ ದಾಟುವ ಕೆಲಸಗಳು ಸಾಲಾಗಿ ಬರತೊಡಗಿದಾಗ ಮುಂದಿನ ಕಾರ್ಡಿನ ಬೆಲೆ ವಿಚಾರಿಸುತ್ತೇನೆ.